ನನ್ನ ಗಂಡ ಸತ್ತ ಮೇಲೆ ಹಾಕಿದ ಮತ

ಅಂತರಜಾಲದ ‘ಮೂರೂರ ಕಟ್ಟೆ’ ವೇದಿಕೆಯ ನಿರ್ವಾಹಕರಿಗೆ, ರಾಣೆಬೆನ್ನೂರು

ಮಾನ್ಯರೇ,

ನನ್ನ ಗಂಡ ಅಣ್ಣಾಜಿ ಈ ಶ್ರಾವಣದಲ್ಲಿ ಹಾವೇರಿಯ ನಮ್ಮ ಮನೆಯಲ್ಲಿ ಎದೆನೋವಿನಿಂದ ತೀರಿಕೊಂಡರು. ತೀರಿಕೊಂಡ ಮೇಲೆ ಅವರು ನಿಮ್ಮ ವೇದಿಕೆಗೆ ಬಂದು, ನಿಮ್ಮನ್ನು ಹೊಗಳಿ, ನಿಮ್ಮ ಪರವಾಗಿ ಮತ ಹಾಕಿ ಹೋಗಿದ್ದಾರೆ. ಡಾಕ್ಟರು ಕೈಚೆಲ್ಲಿದ ಮನುಷ್ಯನನ್ನು ನೀವು ನಿಮ್ಮ ಕಂಪ್ಯೂಟರ್ ಅಂಗಡಿಯ ತಿರುಗುವ ಕುರ್ಚಿಯಲ್ಲಿ ಕೂತುಕೊಂಡೇ ಎಬ್ಬಿಸಿದಿರಿ. ಇಂಥ ವಿದ್ಯೆ ಇದ್ದವರು ಆಸ್ಪತ್ರೆ ತೆರೆಯುವುದು ಬಿಟ್ಟು ಹರಟೆಯ ವೇದಿಕೆ ನಡೆಸುತ್ತಿರುವುದು ನಮ್ಮ ಜಿಲ್ಲೆಯ ದುರ್ದೈವ. ಈ ಪತ್ರವನ್ನು ನಿಮ್ಮಲ್ಲಿಗೆ ಕಳಿಸದೆ ಪತ್ರಿಕೆಗೆ ಕಳಿಸುತ್ತಿದ್ದೇನೆ. ನಿಮ್ಮ ವೇದಿಕೆಯಲ್ಲಿ ಹಾಕಿದರೆ ಸಂಜೆಯೊಳಗೆ ನಾನೇ ನಿಮ್ಮ ಕ್ಷಮೆ ಕೇಳಿರುತ್ತೇನೆ.

ಓದುಗರಿಗೆ ವಿಷಯ ತಿಳಿಯಲಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಜನ ಊರ ಸುದ್ದಿ, ಹಳೆಯ ನೆನಪು, ಹೊಸ ಜಗಳ ಎಲ್ಲವನ್ನೂ ಬರೆದುಕೊಳ್ಳುವ ತಾಣ ಅದು. ಪ್ರತಿ ಸದಸ್ಯನಿಗೂ ಒಂದು ಖಾತೆ, ಖಾತೆಗೊಂದು ಪಾಸ್‌ವರ್ಡ್. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ನನ್ನ ಗಂಡ ಚಹಾ ಕುಡಿದು ಸೈಬರ್ ಕೆಫೆಗೆ ಹೋದರೆಂದರೆ ಊಟದ ಹೊತ್ತಿಗೇ ಬರುವುದು. ಈ ವರ್ಷ ನೀವೊಂದು ಹೊಸ ನಿಯಮ ತಂದಿರಿ: ನಿರ್ವಾಹಕರು ಯಾವ ಸದಸ್ಯನ ಖಾತೆಯನ್ನಾದರೂ ಹೊಕ್ಕು ಖಾಸಗಿ ಸಂದೇಶಗಳನ್ನೂ ನೋಡಬಹುದು. ಸದಸ್ಯರ ಮತವನ್ನೂ ಕೇಳಿದಿರಿ. ವಿರೋಧಿಸಿದವರಲ್ಲಿ ನಮ್ಮವರು ಮುಂದಾಳು. “ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಟೆಂಡರ್ ಡಬ್ಬಿ ಕಾಯಾಂವಗ ಡಬ್ಬಿ ಕಾಯೋದಷ್ಟ ಕೆಲಸ. ವ್ಯಾಪಾರಸ್ಥರು ಯಾವ ಚೀಟಿಯೊಳಗ ಏನ್ ರೇಟು ಬರದು ಹಾಕ್ಯಾರ ಅಂತ ಇಣುಕೋದಲ್ಲ” ಎಂದು ಊಟಕ್ಕೆ ಕೂತಾಗ ನನ್ನ ಮೇಲೇ ರೇಗುತ್ತಿದ್ದರು, ನಾನೇ ನಿರ್ವಾಹಕಿ ಎಂಬಂತೆ. ಮತದಾನ ಮುಗಿಯುವ ಮೊದಲೇ ಅವರು ಹೋದರು. ಮನೆಯಲ್ಲಿ ಯಾರಿಗೂ ಕಂಪ್ಯೂಟರ್ ಬಾರದ ಕಾರಣ ಸುದ್ದಿ ನಿಮಗೆ ತಲುಪಲಿಲ್ಲ. ಮುದುಕ ಸುಮ್ಮನಾದನೆಂದು ನೀವು ತಿಳಿದಿರಿ.

ನಮಗೆ ಮಕ್ಕಳಿಲ್ಲ. ಹತ್ತನೆಯ ದಿನದ ಕರ್ಮವನ್ನು ಕುಮಾರಪಟ್ಟಣದ ಹತ್ತಿರ, ತುಂಗಭದ್ರೆಯ ದಂಡೆಯಲ್ಲಿ, ನನ್ನ ಮೈದುನ ಹೇಮಂತ ಮಾಡಿದ. ಪಿಂಡ ಇಟ್ಟು ಎಲ್ಲರೂ ದೂರ ಸರಿದು ನಿಂತೆವು. ಕಾಗೆಗಳು ಜಾಲಿಗಿಡದ ಮೇಲೆ ಕೂತು ನಮ್ಮನ್ನೇ ನೋಡಿದವು, ಕೆಳಗಿಳಿಯಲಿಲ್ಲ. ಸತ್ತವರಿಗೆ ಏನೋ ಆಸೆ ಉಳಿದಿರುತ್ತದೆ, ಮಾತು ಕೊಟ್ಟರೆ ಕಾಗೆ ಮುಟ್ಟುತ್ತದೆ ಎನ್ನುವುದು ನಮ್ಮವರ ನಂಬಿಕೆ. ಹೇಮಂತ ಕೈಮುಗಿದು, “ಅಣ್ಣಾ, ವೈನೀನ ನಾ ನೋಡ್ಕೋತೀನಿ. ನಿನ್ನ ಪುಸ್ತಕ ಒಂದೂ ರದ್ದಿಗೆ ಹಾಕೂದಿಲ್ಲ” ಎಂದ. ಕಾಗೆ ಬರಲಿಲ್ಲ. ನಾನೂ ಮನಸ್ಸಿನಲ್ಲೇ ಏನೇನೋ ಹೇಳಿಕೊಂಡೆ, ಬರಲಿಲ್ಲ. ಬಿಸಿಲು ಏರಿ, ಕೊನೆಗೆ ಭಟ್ಟರು ದರ್ಭೆಯಲ್ಲೇ ಕಾಗೆ ಮಾಡಿ ಮುಟ್ಟಿಸಿದರು. ನನ್ನಿಂದ ಏನು ತಪ್ಪಾಯಿತೋ ಎಂದು ದಾರಿಯುದ್ದಕ್ಕೂ ಅತ್ತೆ. ನನಗೇನು ಗೊತ್ತು, ಅವರು ನದಿಯ ದಂಡೆಯಲ್ಲಿ ಇರಲೇ ಇಲ್ಲ, ಅದೇ ಹೊತ್ತಿಗೆ ರಾಣೆಬೆನ್ನೂರಿನಲ್ಲಿ ನಿಮ್ಮ ಕೆಲಸದ ಮೇಲಿದ್ದರು ಎಂದು.

ಇದು ಗೊತ್ತಾದದ್ದು ದಾದಾಪೀರರಿಂದ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರು, ನಿಮ್ಮ ವೇದಿಕೆಯ ಸದಸ್ಯರು, ಸುದ್ದಿ ತಡವಾಗಿ ತಿಳಿದು ಮಾತಾಡಿಸಲು ಬಂದಿದ್ದರು. “ದೊಡ್ಡ ಮನಸ್ಸಿನವ್ರರಿ ಅಕ್ಕಾ. ಜಗಳಾ ಮುಗಿಸಿ, ನಿರ್ವಾಹಕರಿಗೆ ಒಪ್ಪಿಗೆ ಕೊಟ್ಟು ಹೋದ್ರು. ಅವ್ರು ಬರದಿದ್ದು ಓದೇ ನಾನೂ ಹೂಂ ಅಂತ ಒತ್ತೇನಿ” ಎಂದರು. ಯಾವತ್ತು ಬರೆದರು ಎಂದು ಕೇಳಿದೆ. “ಹೋದ ಗುರುವಾರ ಮಧ್ಯಾಹ್ನರಿ.” ಗುರುವಾರ ನಾವು ಎಲ್ಲಿದ್ದೆವೆಂದು ಹೇಳಿದೆ. ಅವರು ಚಹಾದ ಬಸಿ ಕೆಳಗಿಟ್ಟು, ಹೇಮಂತನನ್ನು ಕರೆದುಕೊಂಡು ಸೈಬರ್ ಕೆಫೆಗೆ ಹೋಗಿ ಆ ಬರಹದ ಪ್ರಿಂಟ್ ತಂದರು. “ಸಾಕಷ್ಟು ವಿಚಾರ ಮಾಡಿ ನನ್ನ ವಿರೋಧ ಹಿಂತೆಗೆದುಕೊಂಡಿದ್ದೇನೆ. ನಿರ್ವಾಹಕರ ಪ್ರಾಮಾಣಿಕತೆ, ದಕ್ಷತೆ, ದೂರದೃಷ್ಟಿಯ ಬಗ್ಗೆ ನನಗೆ ಪೂರ್ಣ ಭರವಸೆಯಿದೆ.” ಇಡೀ ಸಂಸಾರದಲ್ಲಿ ನನ್ನ ಕೈಯಡುಗೆಯನ್ನು ಒಮ್ಮೆಯೂ ಹೊಗಳದ ಮನುಷ್ಯ ನಿಮ್ಮನ್ನು ಒಂದೇ ಉಸಿರಿಗೆ ಮೂರು ಬಾರಿ ಹೊಗಳಿದ್ದರು. ಅದನ್ನು ಓದಿ ನನಗೆ ಮೊದಲು ನಗು ಬಂತು, ಆಮೇಲೆ ದಾದಾಪೀರರಿಂದ ನಿಮ್ಮ ಫೋನ್ ನಂಬರ್ ಬರೆಸಿಕೊಂಡೆ.

ನಾನು ಫೋನ್ ಮಾಡಿದಾಗ ನೀವು ಏನೆಂದಿರಿ? “ಅಕ್ಕಾರ, ಅವ್ರು ತೀರ್ಕೊಂಡಿದ್ದು ಖರೇನ ಗೊತ್ತಿದ್ದಿಲ್ರಿ. ಗೊತ್ತಿದ್ರ ಹಂಗ ಮಾಡ್ತಿದ್ದಿಲ್ಲ.” ಅಂದರೆ ತಪ್ಪೆಲ್ಲ ಅವರದೇ, ನಿಮಗೆ ಹೇಳದೆ ಸತ್ತದ್ದು! ಬದುಕಿದ್ದ ಮನುಷ್ಯನ ಬಾಯಲ್ಲಿ ನಿಮ್ಮ ಮಾತು ತುರುಕಿದ್ದರೆ ಅದು ಆಡಳಿತವೇ? ನಿಯಮ ಇನ್ನೂ ಒಪ್ಪಿಗೆಯಾಗಿರಲಿಲ್ಲ, ಎಲ್ಲರ ಖಾತೆಗಳ ಕೀಲಿ ಮಾತ್ರ ಆಗಲೇ ನಿಮ್ಮ ಕೈಯಲ್ಲಿತ್ತು. ಕೀಲಿ ಬೇಕೋ ಬೇಡವೋ ಎಂಬ ಮತಕ್ಕೇ ಆ ಕೀಲಿ ಬಳಸಿ ಕಳ್ಳ ಮತ ಹಾಕಿದ ನಿಮಗೆ ನಾಚಿಕೆ ಎಂಬುದೊಂದು ಇದೆಯೇ?

ಹೊಲಸು ಬರೆಯುವವರಿದ್ದಾರೆ, ಪಾಸ್‌ವರ್ಡ್ ಮರೆಯುವವರಿದ್ದಾರೆ, ಅದಕ್ಕೇ ಈ ನಿಯಮ ಬೇಕು ಎಂದಿರಿ. ಹೊಲಸು ಬರೆದರೆ ಬರಹ ತೆಗೆಯಿರಿ, ಸದಸ್ಯನನ್ನು ಹೊರಗೆ ಹಾಕಿ. ಮರೆತವನಿಗೆ ಹೊಸ ಪಾಸ್‌ವರ್ಡ್ ಮಾಡಿಕೊಳ್ಳಲು ದಾರಿ ಕೊಡಿ. ಬಾಡಿಗೆ ಮನೆಯ ಮಾಲೀಕ ಹಂಚು ಸರಿಮಾಡಿಸಲಿ, ಬಾಡಿಗೆದಾರನ ಧೋತರ ಉಟ್ಟುಕೊಂಡು ಅವನ ಪಡಸಾಲೆಯಲ್ಲಿ ಕೂತು ಬಂದವರ ಜೊತೆ ಮಾತಾಡುತ್ತಾನೆಯೇ?

ಫೋನಿಡುವ ಮೊದಲು ನನ್ನ ಮೇಲೆ ಕರುಣೆಯನ್ನೂ ತೋರಿಸಿದಿರಿ. “ಬೇಕಂದ್ರ ಅವ್ರ ಖಾತೆ ನಿಮಗ ತಗದು ಕೊಡ್ತೇನ್ರಿ. ಯಾರಿಗೆ ಏನೇನ್ ಬರದಾರ, ಎಲ್ಲಾ ನೋಡಬಹುದ್ರಿ.” ಹೌದು, ನನಗೆ ಆಸೆಯಾಯಿತು. ಅವರ ಒಂದು ಹೊಸ ಮಾತು ಸಿಕ್ಕರೆ ಸಾಕೆಂದು ಇಡೀ ದಿನ ಮನೆಯಲ್ಲಿ ತಿರುಗಾಡುವವಳು ನಾನು. ಆದರೆ ಅವರು ಬದುಕಿದ್ದಾಗ ಅವರ ಹೆಸರಿಗೆ ಬಂದ ಒಂದು ಕಾಗದವನ್ನೂ ನಾನು ಒಡೆದವಳಲ್ಲ, ನನ್ನ ತವರಿನ ಕಾಗದವನ್ನು ಅವರು ಒಡೆದವರಲ್ಲ. ಹೆಂಡತಿಯೇ ಕೇಳದ ಕೀಲಿಯನ್ನು ನೀವು ಪ್ರಸಾದದಂತೆ ಹಂಚಲು ಬಂದಿರಿ. ನಾನು ಬೇಡವೆಂದೆ, ನಿಮಗೆ ಆಶ್ಚರ್ಯವಾಯಿತು.

ಈಗ ನನ್ನ ಬೇಡಿಕೆ. ಆ ಬರಹವನ್ನು ಅಳಿಸಬೇಡಿ, ಅಳಿಸಿದರೆ ಅನುಕೂಲ ನಿಮಗೇ. ಅದರ ಕೆಳಗೆ ನಿಮ್ಮ ಸ್ವಂತ ಹೆಸರಿನಲ್ಲಿ ಬರೆಯಿರಿ: ‘ಇದನ್ನು ಬರೆದವನು ನಾನು. ಅಣ್ಣಾಜಿಯವರು ಕೊನೆಯವರೆಗೂ ಒಪ್ಪಿರಲಿಲ್ಲ.’ ಆ ಮತದಾನ ರದ್ದು ಮಾಡಿ, ಅವರ ಖಾತೆ ಮುಚ್ಚಿ, ಮಿಕ್ಕವರ ಖಾತೆಗಳ ಕೀಲಿ ಕೈಬಿಡಿ. ಅಲ್ಲಿಯವರೆಗೆ ಜನ ನನ್ನ ಗಂಡ ನಿಮಗೆ ಸೋತು ಸತ್ತರೆಂದೇ ತಿಳಿಯುತ್ತಾರೆ. ಸತ್ತದ್ದನ್ನು ತಡೆದುಕೊಂಡಿದ್ದೇನೆ. ಸೋತರು ಎಂಬುದನ್ನು ತಡೆದುಕೊಳ್ಳಲಾರೆ.

ಇಂತಿ,
ನಿಮ್ಮ ವೇದಿಕೆಯ ಲೆಕ್ಕದಲ್ಲಿ ಇನ್ನೂ ಮುತ್ತೈದೆಯಾಗಿರುವ
ವೆಂಕೂಬಾಯಿ
ಹಾವೇರಿ, 2008