ಹನ್ನೊಂದನೆಯ ರೀಲು

ಗಡಹಿಂಗ್ಲಜ
ತಾ. ೧೪ ನವೆಂಬರ್ ೧೯೮೬

ತಮ್ಮ ಸುಕುಮಾರನಿಗೆ ಅಣ್ಣ ಬಸಗೊಂಡ ಬರೆಯುವುದು.

ನಿನ್ನ ಕೆಮ್ಮು ಹೇಗಿದೆ? ಇಚಲಕರಂಜಿಯಿಂದ ಬಂದವರು, ಮಗ್ಗದ ಶೆಡ್ಡಿನ ಹತ್ತಿ ಧೂಳು ನಿನ್ನ ಎದೆಯಲ್ಲಿ ಕೂತಿದೆ ಎಂದರು. ಮೂಗಿಗೆ ಅರಿವೆ ಕಟ್ಟಿಕೋ. ನೀನು ಹೇಳಿದ್ದು ಕೇಳುವವನಲ್ಲ, ಆದರೂ ಹೇಳುವುದು ಹಿರಿಯನ ಕೆಲಸ, ಹೇಳಿದ್ದೇನೆ. ಮನೆಯಲ್ಲಿ ಅಲಕಾಳ ಸೊಂಟನೋವು ಕಡಿಮೆಯಾಯಿತೇ? ನನ್ನ ಮೊಣಕಾಲು ಹೋಗಿದೆ. ಥೇಟರಿನ ಮಶೀನ್ ರೂಮಿಗೆ ಹದಿನಾಲ್ಕು ಮೆಟ್ಟಿಲು, ನಡುವೆ ಎರಡು ಸಲ ನಿಲ್ಲುತ್ತೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ಅಕ್ಷರ ಇದು, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು. ನಗಬೇಡ. ಹನ್ನೆರಡು ವರ್ಷದಲ್ಲಿ ನಿನಗೆ ನಾನು ಬರೆದ ಮೊದಲ ಪತ್ರ ಇದೇ ಎಂಬುದು ನನಗೂ ಗೊತ್ತಿದೆ.

ವಿಷಯಕ್ಕೆ ಬರುತ್ತೇನೆ. ಕೊಲ್ಹಾಪುರದ ಕಾಲೇಜಿನಲ್ಲಿ ಕಲಿಸುವ ಛಾಯಾ ಎಂಬ ಹೆಣ್ಣುಮಗಳು ಹೋದ ತಿಂಗಳು ನನ್ನನ್ನು ಹುಡುಕಿಕೊಂಡು ಬಂದಿದ್ದಳು. ಅವರದೊಂದು ಸಿನಿಮಾ ಮಂಡಳಿ ಇದೆಯಂತೆ. ಎದ್ದು ನಿಲ್ಲುವ ಮೊದಲೇ ಬಿದ್ದುಹೋದ ಪಿಚ್ಚರುಗಳನ್ನು ಹುಡುಕಿ ತಂದು ಒಂದು ವಾರ ತೋರಿಸುತ್ತಾರಂತೆ. ನನಗೆ ಮೊದಲು ಸಿಟ್ಟೇ ಬಂತು. ಬಿದ್ದದ್ದನ್ನು ಮತ್ತೆ ಎತ್ತಿ ಯಾರಿಗೆ ತೋರಿಸುತ್ತೀರಿ ಎಂದೆ. ಅವಳು ಅಂಜಲಿಲ್ಲ. "ಕಾಕಾ, ನೀವು ಮೂವತ್ತು ವರ್ಷ ಪಿಚ್ಚರ ಬಿಟ್ಟಾವ್ರು. ಯಾವ್ಯಾವ ಚಲೋ ಇದ್ದೂ ಬಿದ್ದಾವು, ನೀವ ಹೇಳ್ರಿ," ಎಂದು ವಹಿ ತೆರೆದು ಕೂತಳು. ಹಾಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಎರಡು ತಾಸು ಹೇಳಿದೆ. ಹಲಗಿ ಬಾರಿಸುವವನ ಕಥೆಯೊಂದಿತ್ತು, ನಮ್ಮಲ್ಲಿ ಎರಡೇ ಆಟ. ಅದರಲ್ಲಿ ಅವನು ಹೆಂಡತಿಯ ಹೆಣದ ಮುಂದೆ ತಾನೇ ಬಾರಿಸುತ್ತ ನಡೆಯುತ್ತಾನೆ. ಮಶೀನಿನ ಕಿಂಡಿಯಲ್ಲಿ ನೋಡುತ್ತ ನಾನು ದೀಪದ ಕಾರ್ಬನ್ ಕಡ್ಡಿ ಸರಿಸುವುದನ್ನೇ ಮರೆತಿದ್ದೆ, ಪರದೆ ಕತ್ತಲಾಗಿ ಮಂದಿ ಬೈದರು. ಪಕ್ಕದ ಮನೆಯ ಆಬಾಸಾಹೇಬರ ಟೀವಿಯಲ್ಲಿ ಮುದುಕ ಕಂಪೌಂಡರನ ಮಾಲಿಕೆಯೊಂದು ಬರುತ್ತಿತ್ತು, ಅದನ್ನೂ ಹೇಳಿದೆ. ಎಂಟು ವಾರಕ್ಕೆ ನಿಲ್ಲಿಸಿದರು. ಅವನ ಮಗಳಿಗೆ ಮುಂದೆ ಏನಾಯಿತೆಂದು ಇವತ್ತಿಗೂ ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ. ನಾನಂತೂ ಆ ಹುಡುಗಿಯ ಚಿಂತೆಯಲ್ಲಿ ಎರಡು ವಾರ ಸರಿಯಾಗಿ ಉಣ್ಣಲಿಲ್ಲ. ಇದನ್ನು ಅಲಕಾಳಿಗೆ ಹೇಳಬೇಡ.

ಎಲ್ಲ ಬರೆದುಕೊಂಡು ಕೊನೆಗೆ ಛಾಯಾ ವಹಿ ಮುಚ್ಚಿ, "ನಾ ಬಂದದ್ದು ನಿಮ್ಮ ತಮ್ಮನ ಪಿಚ್ಚರಕ್ಕ," ಎಂದಳು.

ನಿನ್ನ ಕ್ಯಾಮೆರಾದವನು ಇನ್ನೂ ಇದ್ದಾನೆ, ಸುಕುಮಾರ. ಕಣ್ಣು ಹೋಗಿದೆ. ತನ್ನ ಕೈಯಿಂದ ಆದ ಚಲೋ ಕೆಲಸ ಒಂದೇ, ಗಡಹಿಂಗ್ಲಜದ ಹೊಳೆಯಲ್ಲಿ ತೆಗೆದದ್ದು, ಎಂದು ಅವಳಿಗೆ ಹೇಳಿದ್ದನಂತೆ. ಕಥೆ ಏನು ಎಂದು ಕೇಳಿದಳು. ಕುರುಬರ ಮನೆ, ಅತ್ತೆ, ಸೊಸೆ. ಪಿಚ್ಚರಿನ ತುಂಬ ಅತ್ತೆ ಸೊಸೆಯನ್ನು ಹುರಿದು ತಿನ್ನುತ್ತಾಳೆ. ಹೊಳೆ ಏರಿದ ದಿನ ಸೊಸೆ ನಡುಗಡ್ಡೆಯಲ್ಲಿ ಕುರಿ ಬಿಡಿಸಲು ಹೋಗಿ ಸಿಕ್ಕಿಬೀಳುತ್ತಾಳೆ, ದಂಡೆಯ ಮೇಲೆ ನಿಂತು ಅತ್ತೆ ಶಾಪ ಹಾಕುತ್ತಾಳೆ. ಆಮೇಲೆ ಅದೇ ಅತ್ತೆ ಒಬ್ಬಳೇ ನೀರಿಗೆ ಇಳಿದು ಸೊಸೆಯ ಕೈ ಹಿಡಿದು ದಂಡೆಗೆ ಹತ್ತಿಸುತ್ತಾಳೆ. ಕೊನೆಗೆ, ನಡೆಯಲಾರದ ಅತ್ತೆಯನ್ನು ಸೊಸೆ ಬೆನ್ನ ಮೇಲೆ ಹೊತ್ತುಕೊಂಡು ಊರೊಳಗೆ ಬರುತ್ತಾಳೆ. ಇಷ್ಟು ಹೇಳಿದೆ. ಅತ್ತೆಯ ಪಾರ್ಟಿಗೆ ಕೊಲ್ಹಾಪುರದಿಂದ ಬಂದ ಮುದುಕಿ ನಟಿ "ಮೀ ನಾಹೀ ಉತರಣಾರ," ನಾನು ಇಳಿಯುವುದಿಲ್ಲ ಎಂದು ದಂಡೆಯ ಮೇಲೆ ಕೂತುಬಿಟ್ಟಾಗ, ನಿಮಗೆಲ್ಲ ಬುತ್ತಿ ತಂದಿದ್ದ ನಮ್ಮ ಅವ್ವ "ತಾ ಇಲ್ಲೆ ಆ ಸೀರಿ," ಎಂದು ಉಟ್ಟು ಹೊಳೆಗೆ ಇಳಿದದ್ದನ್ನೂ ಹೇಳಿದೆ. ದೂರದಿಂದ ತೆಗೆದದ್ದು, ಬೆನ್ನಷ್ಟೇ ಕಾಣುತ್ತದೆ, ಯಾರಿಗೂ ಗುರುತು ಸಿಗುವುದಿಲ್ಲ ಎಂದು ನೀನು ಅಂದಿದ್ದಿ. ಮೂರು ಸಲ ಇಳಿಸಿದಿ. ಅವತ್ತು ನಾನು ಥೇಟರಿನಲ್ಲಿದ್ದೆ, ನೋಡಿದವನಲ್ಲ. ಅವ್ವನೇ ಓಣಿ ತುಂಬ ಹೇಳಿಕೊಂಡು ತಿರುಗಿದ್ದಳು.

ಹಾಗಾದರೆ ಯಾಕೆ ಬಿತ್ತು ಎಂದು ಛಾಯಾ ಕೇಳಿದಳು. ಮಂದಿಗೆ ತಿಳಿಯಲಿಲ್ಲ ಎಂದೆ. ಬಿಡಿಸಿ ಕೇಳಿದಳು. ನಾನು ರೇಗಿ, ಕೇಳಿದ್ದು ಸಾಕು ಏಳು ಎಂದೆ. ಪಾಪ, ಚಹಾ ಅರ್ಧಕ್ಕೆ ಬಿಟ್ಟು ಎದ್ದಳು.

ನಿನ್ನ ಪಿಚ್ಚರಿನ ಮೊದಲ ದಿನ ನಿನಗೆ ಹೇಗೆ ನೆನಪಿದೆಯೋ ಗೊತ್ತಿಲ್ಲ. ಸಂತೆಯ ದಿನ, ಎರಡರ ಆಟ. "ಅಣ್ಣಾ, ನಾ ಬರೂತನಕ ಚಾಲೂ ಮಾಡಬ್ಯಾಡ," ಎಂದು ಹೇಳಿ ಕಳಿಸಿದ್ದಿ. ಮಂದಿ ಸೀಟಿ ಹೊಡೆದರು, ಥೇಟರಿನ ಸಾವಕಾರ ಕೆಳಗಿನಿಂದ ಒದರಿದ, ಆದರೂ ಇಪ್ಪತ್ತು ನಿಮಿಷ ತಡೆದೆ. ನೀನಿದ್ದ ಕೊಲ್ಹಾಪುರದ ಗಾಡಿ ಘಾಟಿನಲ್ಲಿ ಕೆಟ್ಟು ನಿಂತಿತ್ತಂತೆ. ನೀನು ಬಂದು ಬಾಗಿಲಲ್ಲಿ ನಿಂತಾಗ ಕೊನೆಯ ರೀಲು ನಡೆದಿತ್ತು. ಸೊಸೆ ಅತ್ತೆಯನ್ನು ಹೊತ್ತು ತರುತ್ತಿದ್ದಳು, ಥೇಟರು ಬಿದ್ದು ಬಿದ್ದು ನಗುತ್ತಿತ್ತು. "ಹೊಳ್ಯಾಗ ಒಗೀ ಆ ಮುದುಕಿನ," ಎಂದು ಯಾರೋ ಕೂಗಿದರು. ಪ್ರಿಂಟು ಹಂಚುವವರ ಮನುಷ್ಯ ಅಲ್ಲೇ ಕೂತಿದ್ದ, ಎದ್ದು ಹೋಗಿ ಕೊಲ್ಹಾಪುರದ ಆಟ ರದ್ದು ಮಾಡಿಸಿದ. ಮರುದಿನ ಹನ್ನೊಂದು ಜನ ಬಂದರು, ಸಾವಕಾರ ಇಂಟರ್ವಲ್ಲಿಗೇ ಆಟ ನಿಲ್ಲಿಸಿದ. ಎರಡು ವರ್ಷದ ನಿನ್ನ ಕೆಲಸ ಒಂದೂವರೆ ಆಟಕ್ಕೆ ಮುಗಿಯಿತು. ನಿನಗೆ ಅದಕ್ಕಿಂತ ಹೆಚ್ಚು ತಾಕಿದ್ದು ಅವ್ವ ಎಂಬುದು ನನಗೆ ಗೊತ್ತು. ತಾಟು ಮುಂದಿಟ್ಟು ಮಾತಿಲ್ಲದೆ ಒಳಗೆ ಹೋಗುತ್ತಿದ್ದಳು. ಮೂರು ದಿನ ನೋಡಿ, ಮಗ ಸೋತು ಬಂದದ್ದಕ್ಕೆ ತಾಯಿಗೆ ನಾಚಿಕೆ ಎಂದು ತಿಳಿದು ನೀನು ಇಚಲಕರಂಜಿಯ ಗಾಡಿ ಹತ್ತಿದಿ. ಆಮೇಲೆ ಕ್ಯಾಮೆರಾ ಮುಟ್ಟಲಿಲ್ಲ. ಮೂರು ವರ್ಷದ ಹಿಂದೆ ಅವ್ವನ ಮಣ್ಣಿಗೆ ಬಂದಾಗ ಅಂಗಳದಲ್ಲೇ ನಿಂತಿದ್ದಿ. "ಅವ್ವ ನನ್ನ ಜೋಡಿ ಮಾತು ಯಾಕ ಬಿಟ್ಲೋ ಅಣ್ಣಾ?" ಎಂದು ಕೇಳಿದಿ. ವಯಸ್ಸಾಗಿತ್ತು ಎಂದೆ.

ಛಾಯಾ ಹೋದ ಮೇಲೆ ನನಗೆ ನಿದ್ದೆ ಇಲ್ಲ, ಊಟ ಇಲ್ಲ. ಎಂಟು ದಿನ ಬಿಟ್ಟು ಮೊಣಕಾಲು ಎಳೆದುಕೊಂಡು ಕೊಲ್ಹಾಪುರಕ್ಕೆ ಹೋಗಿ ಅವಳನ್ನು ಕಂಡು, ನಡಿ ಹುಡುಕೋಣ ಎಂದೆ. ನೀನು ತೆಗೆಸಿದ್ದು ಒಂದೇ ಪ್ರಿಂಟು. ನೆಗೆಟಿವ್ ಕೇಳುವವರಿಲ್ಲದೆ ಮುಂಬಯಿಯಲ್ಲಿ ಎಂದೋ ಕಸಕ್ಕೆ ಹೋಗಿದೆ, ಅದನ್ನು ಅವಳೇ ವಿಚಾರಿಸಿದ್ದಳು. ಹಂಚುವವರ ಗೋದಾಮಿಗೆ ಹೋದೆವು. ಹಳೆಯ ಮಾಲೀಕ ಸತ್ತಿದ್ದಾನೆ, ಈಗ ಮಗ ಭಾವುಸಾಹೇಬ ನೋಡಿಕೊಳ್ಳುತ್ತಾನೆ. ಒಳ್ಳೆಯ ಮಾತಿನವನು, ಕುರ್ಚಿ ಕೊಟ್ಟ. ರಜಿಸ್ಟರಿನಲ್ಲಿ ಬೆರಳಾಡಿಸಿ, "ಕಾಕಾ, ತೋ ಪ್ರಿಂಟ್ ಧುಯಾಲಾ ಗೇಲಾ," ಎಂದ. ತೊಳೆಯಲು ಹೋಯಿತು ಎಂದು. ಕಪ್ಪು ಬಿಳುಪು ಫಿಲಮಿನಲ್ಲಿ ಬೆಳ್ಳಿ ಇರುತ್ತದೆ, ತೊಳೆದರೆ ಇಳಿದು ಬರುತ್ತದೆ, ನಿನಗೇ ಗೊತ್ತು. ಎರಡು ವರ್ಷದ ಹಿಂದೆ ಲಾರಿ ತುಂಬ ಕೊಟ್ಟರಂತೆ. ಬೆಳ್ಳಿ ತೆಗೆದ ಮೇಲೆ ಉಳಿಯುವುದು ಗಾಜಿನ ಹಾಗೆ ಖಾಲಿ ಪಟ್ಟಿ. ಅದು ಬಳೆ ಮಾಡುವವರಿಗೆ. ಯಾರ ಕೈಯಲ್ಲಿ ಯಾವ ಪಿಚ್ಚರು ಇದೆಯೋ. ಛಾಯಾ ರಸ್ತೆಯಲ್ಲಿ ನಿಂತು ಅತ್ತಳು. ನಾನು ಅವಳಿಗೆ, ಅತ್ತು ಏನು ಕಿಸಿಯುತ್ತೀ ಎಂದು ಬೈದು ಗಾಡಿ ಹತ್ತಿ ಬಂದೆ.

ಅವಳ ವಾರದಲ್ಲಿ ನಿನ್ನ ಹೆಸರಿಲ್ಲ. ಇರುವುದೂ ಇಲ್ಲ. ಹಲಗಿಯವನಿಗೆ ಒಂದು ಸಂಜೆ ಸಿಕ್ಕಿದೆ, ಅಷ್ಟೇ. ಇದನ್ನು ತಿಳಿಸಲು ಬರೆದೆ ಎಂದುಕೋ.

ಅಲಕಾಳಿಗೆ ಈ ಭಾವನ ಆಶೀರ್ವಾದ ತಿಳಿಸು. ಹೊತ್ತು ಮುಳುಗುವ ಮೊದಲು ಉಣ್ಣುವುದನ್ನು ಅಲ್ಲಿಯೂ ಬಿಟ್ಟಿಲ್ಲ ಎಂದು ಕೇಳಿದ್ದೇನೆ, ಅದು ಹಾಗೇ ಇರಲಿ. ಆದಿನಾಥ ಸ್ವಾಮಿ ನಿನ್ನ ಎದೆಯನ್ನು ಹಗುರ ಇಡಲಿ.

ನಿನ್ನ ಅಣ್ಣ
ಬಸಗೊಂಡ

ತಾ.ಕ. ಮಲ್ಲಾರಿ ಕಂಡಕ್ಟರ್ ಸ್ಟ್ಯಾಂಡಿನಿಂದ ಕೂಗುತ್ತಿದ್ದಾನೆ, ಈ ಪತ್ರವೂ ಜೊತೆಯ ತಗಡಿನ ಡಬ್ಬಿಯೂ ಅವನ ಕೈಯಲ್ಲೇ ಬರುತ್ತವೆ, ಅದಕ್ಕೆ ಬೇಗ ಬರೆಯುತ್ತೇನೆ. ಸಂತೆಯ ದಿನ ಕೋವಾಡದ ಕಡೆಗೆ ಹೋಗುವ ಕೊನೆಯ ಗಾಡಿ ಐದಕ್ಕೆ. ಪಿಚ್ಚರು ಅಷ್ಟರೊಳಗೆ ಮುಗಿಯದಿದ್ದರೆ ಮಂದಿ ನಡುವೆಯೇ ಏಳುತ್ತಾರೆ, ಸಾವಕಾರ ನನ್ನ ಮೇಲೆ ಬೀಳುತ್ತಾನೆ. ಆದ್ದರಿಂದ ಹೊತ್ತಾದ ದಿನ ನಾವು ಒಂದು ರೀಲು ಹಚ್ಚದೆ ಬಿಟ್ಟುಬಿಡುವ ರೂಢಿ. ಯಾವುದು ಎಂದು ಆರಿಸುವುದಕ್ಕೆ ಫಿಲಮಿನ ಅಂಚಿನ ಧ್ವನಿಯ ಗೆರೆ ನೋಡುತ್ತೇವೆ. ಗೆರೆ ಏರಿಳಿದರೆ ಮಾತು ಇದೆ, ಹಾಡು ಇದೆ. ಒಂದೇ ಸಮ ಇದ್ದರೆ ಏನೂ ಇಲ್ಲ. ನಿನಗಾಗಿ ತಡೆದ ಇಪ್ಪತ್ತು ನಿಮಿಷದಲ್ಲಿ ಅರ್ಧವಾದರೂ ತುಂಬಿಸಬೇಕಿತ್ತು. ಹನ್ನೊಂದನೆಯ ರೀಲು ಬೆಳಕಿಗೆ ಹಿಡಿದೆ, ಗೆರೆ ಒಂದೇ ಸಮ, ನೀರು, ಯಾವಳೋ ಮುದುಕಿಯ ಬೆನ್ನು. ಬಿಟ್ಟೆ. ಹೆತ್ತವಳ ಬೆನ್ನು ನನಗೆ ಗುರುತು ಸಿಗಲಿಲ್ಲ. ಅತ್ತೆ ಶಾಪ ಹಾಕಿದ ಕೂಡಲೇ ಸೊಸೆ ಹೊತ್ತು ತಂದಳು, ಮಂದಿ ನಗದೆ ಏನು ಮಾಡಿಯಾರು. ನಿನ್ನ ಪಿಚ್ಚರು ಕೆಟ್ಟದ್ದಿರಲಿಲ್ಲ, ಸುಕುಮಾರ. ಅದನ್ನು ಯಾರೂ ನೋಡಲೇ ಇಲ್ಲ.

ಅವ್ವ ಜನ್ಮದಲ್ಲಿ ಮೊದಲ ಸಲ ಥೇಟರಿಗೆ ಬಂದಿದ್ದಳು, ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು. ಹೊರಗೆ ಬರುವಾಗ ಅವರಲ್ಲಿ ಚೆನ್ನವ್ವ ಅವ್ವನಿಗೆ, "ಏನ ಜಿನಮತಿ, ನೀ ಬರೂದರಾಗ ಪಿಚ್ಚರ ಮುಗೀತಲ್ಲ," ಎಂದಳಂತೆ. ಸಂಜೆ ಉಣ್ಣಲು ಕೂತಾಗ ಅವ್ವ ನನ್ನನ್ನು ಕೇಳಿದಳು, "ನಾ ಹೊಳಿಗಿ ಇಳದದ್ದು ಎಲ್ಲಿ ಹೋತೋ?" ನನಗೆ ಅಂಜಿಕೆ, ಅಂಜಿದರೆ ನನಗೆ ಸಿಟ್ಟು ಬರುತ್ತದೆ. "ನಿನ್ನ ಸಣ್ಣ ಮಗಾ ಕಡದ ಒಗದಾನ. ಮುದುಕಿ ಬೆನ್ನ ಯಾರ ನೋಡ್ತಾರ ಅಂದ," ಎಂದುಬಿಟ್ಟೆ. ಅವಳು ನಿನ್ನನ್ನು ಒಂದು ಮಾತು ಕೇಳಬಹುದಿತ್ತು. ನಮ್ಮ ಮನೆಯಲ್ಲಿ ಕೇಳುವುದಿಲ್ಲ, ಮಾತು ಬಿಡುತ್ತಾರೆ. ಒಂಬತ್ತು ವರ್ಷ ಅವಳ ಜೊತೆ ಒಂದೇ ಮನೆಯಲ್ಲಿ ಉಂಡೆ, ಹೇಳಲಿಲ್ಲ. ಸಾಯುವ ದಿನವೂ ಹೇಳಲಿಲ್ಲ.

ಪ್ರಿಂಟಿನ ಪೆಟ್ಟಿಗೆ ವಾಪಸು ಹೋದಾಗ ಆ ರೀಲು ಬೆಂಚಿನ ಕೆಳಗೇ ಉಳಿದಿತ್ತು. ಕಳಿಸಿದರೆ ಗೊತ್ತಾಗುತ್ತದೆ ಎಂದು ಟ್ರಂಕಿನಲ್ಲಿ ಇಟ್ಟೆ. ಹನ್ನೊಂದು ರೀಲು ಬಳೆಯಾದವು, ಡಬ್ಬಿಯಲ್ಲಿರುವ ಇದೊಂದು ಉಳಿದಿದೆ. ಕೊಲ್ಹಾಪುರದಿಂದ ಬಂದು ಮೊನ್ನೆ ತೆಗೆದೆ. ಹುಳಿ ವಾಸನೆ. ಕುಗ್ಗಿದೆ, ಯಾವ ಮಶೀನಿಗೂ ಹತ್ತುವುದಿಲ್ಲ, ನಾನು ನೋಡಿದ್ದೇನೆ. ನೀನು ಹಗಲಿನಲ್ಲಿ ಕಿಟಕಿಗೆ ಹಿಡಿದು ನೋಡು. ಮೇಲಿನ ಸುತ್ತುಗಳು ಬಿಚ್ಚುತ್ತವೆ. ಅವ್ವ ಇಳಿಯುವುದು ಕಾಣುತ್ತದೆ, ಮೊಣಕಾಲು ಮಟ, ನಡ ಮಟ, ಎದೆ ಮಟ. ಅಲ್ಲಿಂದ ಒಳಗೆ ಅಂಟಿ ಕಲ್ಲಾಗಿದೆ. ಬಿಡಿಸಲು ಹೋಗಬೇಡ, ಹರಿಯುತ್ತದೆ. ಅವ್ವ ಹೊಳೆಯಿಂದ ಹತ್ತಿ ಬರುವುದು ಇಲ್ಲ.