ಕೇಶರಬಾಯಿಯ ಪರವಾಗಿ

ಬೀದರ
ಮಾಘದ ಎರಡನೆಯ ವಾರ

ನರಸಿಂಗಣ್ಣ,

ಈ ಕಾಗದ ಬರೆಯಲು ಹೇಳಿದವರು ನಿಮ್ಮ ಹೆಂಡತಿ ಕೇಶರಬಾಯಿ. ಮೊನ್ನೆ ಭಾಲ್ಕಿ ಬಸ್ಸಿಗೆ ಬಂದು, ನನ್ನ ಆಫೀಸಿನ ಬೆಂಚಿನ ಮೇಲೆ ಕೂತು, ನೀರು ಕುಡಿದು, ಬಂದ ಕೆಲಸ ಹೇಳಿದರು. "ವಕೀಲ ಸಾಹೇಬ್ರ, ಅವರಿಗಿ ಒಂದ್ ಕಾಗದ ಬರೀರಿ. ನಾ ಕೋರ್ಟಿನಾಗ ಹೇಳಿದ್ದು ಎಲ್ಲಾ ಬರೀರಿ. ಸಿಟ್ಟ ಆಗಬ್ಯಾಡ್ರಿ ಅಂತನೂ ಬರೀರಿ. ನನ್ನ ಮಾತ ಜೀವ ಇದ್ದಾಗೇ ಕೇಳ್ಲಿಲ್ಲ, ಈಗೇನ್ ಕೇಳ್ತಾರ. ನಿಮ್ಮ ಮಾತ ಕೇಳ್ತಿದ್ರು."

ಬರುವ ಹುಣ್ಣಿಮೆಗೆ ನೀವು ತೀರಿಕೊಂಡು ಎರಡು ವರ್ಷ. ಮೆಹಕರದ ಮನೆಯಲ್ಲಿ ಬುದ್ಧವಂದನೆ ಮುಗಿದ ಮೇಲೆ ಮಗಳು ಮಹಾಮಾಯಾ ಇದನ್ನು ನಿಮ್ಮ ಫೋಟೋದ ಮುಂದೆ ಓದುತ್ತಾಳಂತೆ. ಸತ್ತವರು ಕೇಳಿಸಿಕೊಳ್ಳುತ್ತಾರೆಂದು ನಾನು ನಂಬುವವನಲ್ಲ. ನಿಮ್ಮ ಧಮ್ಮವೂ ಹಾಗೆ ಹೇಳುವುದಿಲ್ಲವಲ್ಲ ಎಂದೆ. "ಗೊತ್ತದರಿ. ಆದ್ರೂ ಬರೀರಿ," ಎಂದರು.

ಬರೆಯುತ್ತಿದ್ದೇನೆ.

ನನಗೆ ಸೈನ್ಯದ ಮೇಲೆ ವಿಶೇಷ ಭಕ್ತಿ ಇಲ್ಲವೆಂಬುದು ನಿಮಗೆ ಗೊತ್ತಿತ್ತು. ಔರಾದದ ಹವಾಲ್ದಾರರೊಬ್ಬರು ಸೈನ್ಯದ ದಾಖಲೆಯಲ್ಲಿ ತಮ್ಮ ತಂದೆಗಿಂತ ಒಂಬತ್ತೇ ವರ್ಷ ಚಿಕ್ಕವರಾಗಿದ್ದರು. ಅದನ್ನು ತಿದ್ದಿಸಿಕೊಟ್ಟೆ. ಆಮೇಲೆ ಹೆಂಡತಿಯ ಹೆಸರು ಬಿಟ್ಟುಹೋದವರು ಬಂದರು, ಗಾಯವಾದ ಕಾಲು ಬದಲಾದವರು ಬಂದರು, ಸತ್ತಿದ್ದಾರೆಂದು ಬರೆಸಿಕೊಂಡವರೊಬ್ಬರು ಸೈಕಲ್ ತುಳಿದುಕೊಂಡು ಬಂದರು. ನನಗೆ ಫೌಜಿ ವಕೀಲ ಎಂಬ ಹೆಸರು ಬಿತ್ತು. ಅವರೆಲ್ಲರ ಕಾಗದದಲ್ಲಿ ಏನೋ ಒಂದು ತಪ್ಪಿತ್ತು. ನಿಮ್ಮ ಕಾಗದದಲ್ಲಿ ತಪ್ಪೇ ಇರಲಿಲ್ಲ. ಹೆಸರು ಸರಿ, ಊರು ಸರಿ, ರಜೆಯ ಮೇಲೆ ಹೋದ ದಿನ ಸರಿ. ರಜೆ ಮುಗಿದರೂ ಮರಳಲಿಲ್ಲ, ಓಡಿಹೋದವನೆಂದು ಘೋಷಿಸಲಾಯಿತು, ವಜಾ. ನಡೆದದ್ದೂ ಅದೇ ಕ್ರಮದಲ್ಲಿ.

ಮೊದಲ ದಿನ ನೀವು ಬೆಂಚಿನ ತುದಿಯಲ್ಲಿ ಕೂತು, ಎರಡೂ ಅಂಗೈಗಳನ್ನು ತೊಡೆಗಳ ಕೆಳಗೆ ಒತ್ತಿಟ್ಟುಕೊಂಡು ಮಾತಾಡಿದಿರಿ. ಚಳಿಗೆ ಇರಬೇಕೆಂದುಕೊಂಡೆ. ನಡುಕ ಕಾಣಬಾರದೆಂದು ಹಾಗೆ ಕೂರುತ್ತಿದ್ದಿರಿ ಎಂದು ತಿಳಿದದ್ದು ಆಮೇಲೆ. "ಪೆನ್ಶನ್ ಬಂದ್ರ ಬರ್ಲಿ, ಬಿಟ್ರ ಬಿಡ್ಲಿ. ಭಗೋಡಾ ಅನ್ನೂದೊಂದು ತೆಗಸ್ರಿ," ಎಂದಿರಿ. ಓಡಿಹೋದವನೆಂಬ ಆ ಹಿಂದಿ ಶಬ್ದ ಎಷ್ಟು ಅಂಟಿತ್ತೆಂದರೆ, ನಿಮ್ಮ ಓಣಿಯ ಬಾವಿಗೆ ಹೆಸರೇ ಭಗೋಡಾನ ಬಾವಿ ಎಂದಾಗಿತ್ತು. ಅದು ನಿಮ್ಮ ಬಾವಿಯೂ ಆಗಿರಲಿಲ್ಲ. ಮಹಾಮಾಯಾಳನ್ನು ನೋಡಲು ಉದಗೀರ ಕಡೆಯಿಂದ ಬಂದವರು ಚಹಾ ಕುಡಿದು, ಊರಿನಲ್ಲಿ ಇನ್ನೊಂದು ಮನೆಗೆ ಹೋಗಿ, ಅಲ್ಲಿ ಈ ಮಾತು ಕೇಳಿಕೊಂಡು ಹಾಗೇ ಹೊರಟುಹೋಗಿದ್ದರು. ಹೋಟೆಲಿನ ಮುಂದೆ ಕೂತವರು, "ನರಸಿಂಗಾ, ದುಶ್ಮನ್ ಬಂದ್ರ ನೀ ಯಾ ಕಡಿ ಓಡ್ತಿ, ಔರಾದ ಕಡಿನೋ ಬೀದರ ಕಡಿನೋ?" ಎಂದು ಕೇಳುತ್ತಿದ್ದರಂತೆ. "ಯಾ ಬಸ್ ಮೊದಲ ಬರ್ತದ ಆ ಕಡಿ," ಎಂದು ನೀವೂ ನಗುತ್ತಿದ್ದಿರಂತೆ. ಇದನ್ನು ನನಗೆ ಹೇಳುವಾಗಲೂ ನಕ್ಕಿರಿ. ನನ್ನ ಹತ್ತಿರ ಬರುವ ಮುಂಚೆ ಕೆಲವು ವರ್ಷ ಮೆಹಕರ ಬಿಟ್ಟು ಔರಾದದಲ್ಲಿ ಹೆಂಡತಿಯ ತವರಿನ ಹೊಲದಲ್ಲಿ ಇದ್ದುಬಂದಿದ್ದಿರಿ. ಮಾತು ಬಸ್ಸಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

ಗಡಿಯ ಹಿಮದಲ್ಲಿ ಏನಾಯಿತೆಂದು ಕೇಳಿದೆ. "ಅಲ್ಲಿ ಸಪ್ಪಳ ಇರೂದಿಲ್ಲರಿ," ಎಂದಿರಿ. ಎಷ್ಟು ಸಲ ಕೇಳಿದರೂ ಅಷ್ಟೇ. ಹಿಮ ಜಾರಿ ಡೇರೆಯ ಮೇಲೆ ಬಿದ್ದದ್ದು, ಒಳಗಿದ್ದ ಇಬ್ಬರನ್ನು ನೀವು ಊಟದ ತಟ್ಟೆಯಿಂದ ತೋಡಿ ತೆಗೆದದ್ದು, ಅಷ್ಟರಲ್ಲಿ ಇಬ್ಬರದೂ ಮುಗಿದುಹೋಗಿದ್ದು ನಿಮ್ಮ ಪಲ್ಟನ್ನಿನವರೊಬ್ಬರ ಫೋನಿನಿಂದ ತಿಳಿಯಿತು. ಆ ಘಟನೆಯಾದ ಮರುತಿಂಗಳೇ ನೀವು ರಜೆಯ ಮೇಲೆ ಊರಿಗೆ ಬಂದಿದ್ದಿರಿ.

ಮರಳಿ ಹೋಗಲು ಹೊರಟದ್ದಕ್ಕೆ ಸಾಕ್ಷಿ ಯಾರಾದರೂ ಇದ್ದಾರೆಯೇ ಎಂದಾಗ ಭಾಲ್ಕಿ ಸ್ಟೇಷನ್ನಿನ ಚಹಾದ ಮಕ್ಸೂದನ ಹೆಸರು ಹೇಳಿದಿರಿ. ನಾನೇ ಹೋಗಿ ಕಂಡೆ. ಅಷ್ಟು ವರ್ಷದ ಹಿಂದಿನದು ಅವನಿಗೆ ನಿನ್ನೆಯದರ ಹಾಗೆ ನೆನಪಿತ್ತು. "ಮಿಲಿಟ್ರಿ ಡ್ರೆಸ್ ಹಾಕ್ಕೊಂಡು, ಕರೀ ಟ್ರಂಕ್ ತಗೊಂಡು ಬರ್ತಿದ್ದ. ಗಾಡಿ ಬರ್ತಿತ್ತು. ಡಬ್ಬಿ ಬಾಗಲದ ಹಿಡಕಿ ಹಿಡೀತಿದ್ದ, ಕಾಲ ಎತ್ತಲಿಕ್ಕಿ ಆಗ್ತಿರ್ಲಿಲ್ಲ. ಗಾಡಿ ಹ್ವಾದ್ ಮ್ಯಾಗ ನನ್ನ ಹತ್ರ ಚಾ ಕುಡದು ಮನಿಗಿ ಹೋಗ್ತಿದ್ದ. ಆ ತಿಂಗಳದಾಗ ಎಷ್ಟ್ ಸರ್ತಿ ಬಂದಾನೋ ಏನೋ." ಆಮೇಲೆ ಗ್ಲಾಸು ತೊಳೆಯುತ್ತ ತಲೆ ಎತ್ತದೆ ಹೇಳಿದ: "ಓಡಿ ಹೋಗಾಂವ ರೈಲ ಹತ್ತತಾನ್ರಿ ವಕೀಲ ಸಾಬ್. ಇಂವಗ ಹತ್ತಲಿಕ್ಕೇ ಬರ್ಲಿಲ್ಲ. ಭಗೋಡಾ ಹ್ಯಾಂಗ್ ಆದ?"

ಒಳ್ಳೆಯ ವಾದ. ಆದರೆ ಅಷ್ಟು ಸಾಕಾಗುತ್ತಿರಲಿಲ್ಲ. ಅಂದು ನಿಮ್ಮ ಮನಸ್ಸಿಗೆ ಸ್ವಸ್ಥತೆ ಇರಲಿಲ್ಲವೆಂದು ತೋರಿಸಬೇಕಿತ್ತು. ಸ್ವಸ್ಥನಾಗಿದ್ದೂ ಮರಳದವನು ಓಡಿಹೋದವನು, ಅಸ್ವಸ್ಥನಾಗಿ ಮರಳದವನು ರೋಗಿ. ನಮ್ಮ ಕಾನೂನಿನಲ್ಲಿ ಇವೆರಡರ ನಡುವೆ ನಿಲ್ಲಲು ಜಾಗವಿಲ್ಲ. ಇದನ್ನು ವಿವರಿಸಿದಾಗ ನೀವು ಕಿಟಕಿಯ ಕಡೆ ತಿರುಗಿ ಕೇಳಿದಿರಿ:

"ಹಂಗಂದ್ರ ಹುಚ್ಚ ಅಂತ ಬರೀಬೇಕೇನ್ರಿ?"

ಹುಚ್ಚಲ್ಲ, ಗಾಯ ಎಂದೆ.

"ಗಾಯ ಆದ್ರ ರಕ್ತ ಬರ್ಬೇಕಲ್ರಿ," ಎಂದಿರಿ.

ಒಪ್ಪಿದ್ದು ಮಹಾಮಾಯಾಳಿಗಾಗಿ ಇರಬಹುದು. ಬೆಂಗಳೂರಿನಲ್ಲಿ ಕೂರುವ ಸೇನಾ ನ್ಯಾಯಮಂಡಳಿ ನಮ್ಮ ಅರ್ಜಿಯನ್ನು ಕೇಳಿ, ನಿಮ್ಮನ್ನು ವೈದ್ಯರ ಮಂಡಳಿಯ ಮುಂದೆ ಹಾಜರುಪಡಿಸಬೇಕೆಂದಿತು. ಮಿಲಿಟರಿ ಡಾಕ್ಟರು ಸಿಕಂದ್ರಾಬಾದಿನಲ್ಲಿ. ಹೋಗುವ ಮುಂಚೆ ನನ್ನ ಆಫೀಸಿನಲ್ಲಿ, ಕೇಶರಬಾಯಿಯ ಎದುರಿಗೇ, ಅಭ್ಯಾಸ ಮಾಡಿದೆವು. ನಾನು ಡಾಕ್ಟರಾದೆ. ನಿದ್ದೆ ಬರುತ್ತದೆಯೇ ಎಂದರೆ ಬರುವುದಿಲ್ಲ ಎಂದಿರಿ. ಕೈ ತೋರಿಸಿ ಎಂದರೆ ತೋರಿಸಿದಿರಿ. ಮೇಜಿನ ಮೇಲೆ ಇಟ್ಟ ಕೈಯಿಂದ ನನ್ನ ಚಹಾದ ಕಪ್ಪು ಸಣ್ಣಗೆ ಸದ್ದು ಮಾಡಿತು. ನಾನು ಬಿಳಿ ಅಂಗಿಯಲ್ಲಿದ್ದೆ. ಅಲ್ಲಿ ಕೇಳುವವರು ಸಮವಸ್ತ್ರದಲ್ಲಿರುತ್ತಾರೆ ಎಂಬುದು ನಮ್ಮ ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ.

ರೈಲು ಬೇಡವೆಂದು ಬಸ್ಸಿನಲ್ಲಿ ಹೋದೆವು. ನೀವು ಬೂಟಿಗೆ ಪಾಲಿಶ್ ಹಾಕಿದ್ದಿರಿ. ಅದನ್ನು ಕಂಡಾಗಲೇ ನನಗೆ ಸ್ವಲ್ಪ ಕಸಿವಿಸಿಯಾಗಿತ್ತು. ನಿಮ್ಮ ಜೊತೆ ಕೇಶರಬಾಯಿಯನ್ನು ಒಳಗೆ ಬಿಟ್ಟರು, ನನ್ನನ್ನು ಬಿಡಲಿಲ್ಲ. ಒಳಗೆ ನಡೆದದ್ದನ್ನು ಆಮೇಲೆ ಅವರು ಹೇಳಿದರು. ಕರ್ನಲ್ ಒಬ್ಬರು ತಲೆ ಎತ್ತಿ ನೋಡಿದ ಕೂಡಲೇ ನೀವು ಹಿಮ್ಮಡಿ ಜೋಡಿಸಿ ಸೆಟೆದು ನಿಂತಿರಿ. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ. ನಿದ್ದೆ? ಠೀಕ್ ಹೈ ಸಾಬ್. ಊಟ? ಠೀಕ್ ಹೈ ಸಾಬ್. ಕೈ ಚಾಚಿ. ಚಾಚಿದಿರಿ. ಬೆರಳುಗಳು ಕಬ್ಬಿಣದ ಸಲಾಕೆಯ ಹಾಗಿದ್ದವಂತೆ. ಏನಾದರೂ ತೊಂದರೆ ಇದೆಯೇ? ಕೋಯಿ ತಕಲೀಫ್ ನಹೀಂ ಸಾಬ್. ಆ ಡಾಕ್ಟರು ಒಳ್ಳೆಯವರೇ ಇರಬೇಕು. ನಿಮ್ಮ ಹೆಂಡತಿಯ ಕಡೆ ತಿರುಗಿ, ನೀವು ಹೇಳುವುದೇನಾದರೂ ಇದೆಯೇ ಎಂದು ಕೇಳಿದರು. ಕೇಶರಬಾಯಿ ನಿಮ್ಮ ಮುಖ ನೋಡಿದರು. ಇಲ್ಲವೆಂದರು.

ಮರಳುವಾಗ ಬಸ್ಸು ಜಹೀರಾಬಾದ್ ದಾಟಿತ್ತು. ನೀವು ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಿರಿ. ಕೇಶರಬಾಯಿ ಕಿಟಕಿಯ ಹೊರಗೆ ನೋಡುತ್ತ ಮೆಲ್ಲಗೆ ಅಂದರು: "ಇಷ್ಟ್ ವರ್ಷದಾಗ ಇವತ್ತ ಒಂದೇ ದಿನ ಇವರ ಕೈ ನಡುಗಲಿಲ್ಲರಿ."

ವರದಿ ಬಂತು. ಮನೋರೋಗದ ಲಕ್ಷಣ ಕಂಡುಬರಲಿಲ್ಲ. ನಮ್ಮ ಪ್ರಕರಣದ ಬೆನ್ನು ಮುರಿಯಿತೆಂದು ಹೇಳಲು ನಾನು ಮೆಹಕರಕ್ಕೆ ಬಂದೆ. ನೀವು ಅದಾಗಲೇ ಕ್ಷೌರ ಮಾಡಿಸಿಕೊಂಡು ಹೊಸ ಬನಿಯನ್ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದಿರಿ. "ಕರ್ನಲ್ ಸಾಬ್ ಫಿಟ್ ಅಂದ್ರು," ಎಂದು ಹೋಟೆಲಿನವರಿಗೆಲ್ಲ ಹೇಳಿದ್ದಿರಿ. ಫಿಟ್ ಎಂದರೆ ಭಗೋಡಾ ಎಂದೇ ಅರ್ಥ, ನರಸಿಂಗಣ್ಣ, ಎಂದು ನಾನು ಬಿಡಿಸಿ ಹೇಳಲು ಶುರು ಮಾಡಿದೆ. ನೀವು ತಡೆದಿರಿ. "ತಿಳೀತದರಿ ನನಗ," ಎಂದಿರಿ. ಒಳಗಿನಿಂದ ಜೋಳದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಆ ದಿನ ನಿಮ್ಮ ಮುಖದಲ್ಲಿ ಕಂಡದ್ದು ಗೆಲುವೋ ಬೇರೆಯೋ ಎಂದು ನಾನು ಇನ್ನೂ ಯೋಚಿಸುತ್ತೇನೆ. ನನ್ನ ವೃತ್ತಿಯಲ್ಲಿ ಅದಕ್ಕೆ ಶಬ್ದವಿಲ್ಲ.

ಚಳಿಗಾಲ ಮುಗಿಯುವುದರೊಳಗೆ ನೀವು ಹೋದಿರಿ. ತೊಗರಿ ರಾಶಿಯ ಹತ್ತಿರ ಕೂತವರು ಏಳಲಿಲ್ಲ. ನಿಮ್ಮವರಲ್ಲಿ ಹೂಳುವುದು ರೂಢಿ. ಹಿರಿಯರು ಗುದ್ದಲಿ ತೆಗೆದುಕೊಂಡು ಹೊರಟಿದ್ದರು. ಕೇಶರಬಾಯಿ ಬಾಗಿಲಲ್ಲಿ ನಿಂತು, ಮಣ್ಣು ಕೊಡಬ್ಯಾಡ್ರಿ, ಸುಡ್ರಿ ಎಂದರು. ಯಾಕೆಂದು ಎಲ್ಲರೂ ಕೇಳಿದರು. ಹೇಳಲಿಲ್ಲ. ಸುಟ್ಟರು.

ತಿಂಗಳಾದ ಮೇಲೆ ಅವರು ಬೀದರಕ್ಕೆ ಬಂದರು. ಅರ್ಜಿಯನ್ನು ಹೆಂಡತಿ ಮುಂದುವರಿಸಬಹುದು ಎಂದೆ. ಆದರೆ ಡಾಕ್ಟರ ವರದಿಗೆ ಎದುರಾಗಿ ಅವರೇ ಹೇಳಬೇಕು, ಮನೆಯಲ್ಲಿ ಕಂಡದ್ದನ್ನು, ಗಂಡ ಮುಚ್ಚಿಟ್ಟದ್ದನ್ನು ಎಂದೆ. "ಅವರು ಬ್ಯಾಡ ಅಂದದ್ದನ್ನ," ಎಂದು ಅವರು ನನ್ನ ಮಾತನ್ನು ತಿದ್ದಿದರು. ವಿಚಾರ ಮಾಡುತ್ತೇನೆಂದು ಹೋದವರು ಆರು ತಿಂಗಳು ಬರಲಿಲ್ಲ. ನಾನು ಫೋನ್ ಮಾಡಲಿಲ್ಲ. ಜನ ತಮ್ಮ ಸತ್ತವರ ಜೊತೆ ನಡೆಸುವ ಜಗಳದಲ್ಲಿ ವಕೀಲರು ಇರಬಾರದು.

ಬಂದ ದಿನ ಅವರು ಹೇಳಿದ್ದು ಒಂದೇ ಮಾತು: "ಮಾಯಾ ಆ ಹೆಸರ ಹೊತ್ತಕೊಂಡು ಲಗ್ನ ಆಗೂದು ಬ್ಯಾಡ್ರಿ. ಹೇಳ್ತೀನಿ."

ಕಳೆದ ಭಾದ್ರಪದದಲ್ಲಿ ವಿಚಾರಣೆ ನಡೆಯಿತು. ಬೆಂಗಳೂರಿಗೆ ಹೋಗಬೇಕಾಗಲಿಲ್ಲ. ನನ್ನ ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿ ಇಬ್ಬರು ಕಾಣಿಸಿಕೊಂಡರು, ಒಬ್ಬರು ನ್ಯಾಯಾಧೀಶರು, ಇನ್ನೊಬ್ಬರು ನಿವೃತ್ತ ಜನರಲ್. ಕೇಶರಬಾಯಿ ಪರದೆಗೆ ಕೈ ಮುಗಿದು, ಸೆರಗು ತಲೆಯ ಮೇಲೆಳೆದುಕೊಂಡು ನಿಂತರು. ಜನರಲ್ ಹಿಂದಿಯಲ್ಲಿ ಕೇಳಿದರು, ನಾನು ಕನ್ನಡಕ್ಕೆ ತಂದೆ. ಡಾಕ್ಟರು ನಿಮ್ಮನ್ನು ಕೇಳಿದ್ದರಲ್ಲ, ಅಂದು ಯಾಕೆ ಏನೂ ಹೇಳಲಿಲ್ಲ?

ಅವರು ನನ್ನನ್ನು ನೋಡಲಿಲ್ಲ, ಪರದೆಯನ್ನೇ ನೋಡಿದರು. "ಅವತ್ತ ಅವರು ಭಾಳ ವರ್ಷಕ್ಕ ಸಿಪಾಯಿ ಆಗಿ ನಿಂತಿದ್ರುರಿ ಸಾಹೇಬ್ರ. ನಡುವ ಬಾಯಿ ಹಾಕಿ ನಾ ಹ್ಯಾಂಗ ಮಾತಾಡ್ಲಿ?"

ಇದನ್ನು ಹಿಂದಿಗೆ ತಂದೆ. ಜನರಲ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮನೆಯಲ್ಲಿ ಏನು ನೋಡಿದಿರಿ, ಹೇಳಿ ಎಂದರು.

"ಕೌದಿ ಹೊದ್ದಕೋತಿರ್ಲಿಲ್ಲರಿ. ನಮ್ಮಲ್ಲಿ ಪುಷ್ಯ ಮಾಘದಾಗ ಥಂಡಿ ಭಾಳ. ತಾವೂ ಹೊದ್ದಕೋತಿರ್ಲಿಲ್ಲ, ನಮಗೂ ಹೊದ್ದಕೊಳ್ಳಾಕ ಬಿಡ್ತಿರ್ಲಿಲ್ಲ. ಮಗಳು ಸಣ್ಣಾಕಿ, ಥಂಡಿಗಿ ಮುಖದ ಮ್ಯಾಗ ಎಳಕೋತಿದ್ಳು. ಇವರು ಎದ್ದು ಬಂದು ಎರಡೂ ಕೈಲೆ ಕೌದಿ ಕೆರೀತಿದ್ರುರಿ. ಎಳೀತಿರ್ಲಿಲ್ಲ, ಕೆರೀತಿದ್ರು, ನಾಯಿ ಮಣ್ಣ ಕೆರದಂಗ. ಉಸರ ಅದ, ಉಸರ ಅದ ಅಂತಿದ್ರು. ಉಗುರು ಹರದು ರಕ್ತ ಬರ್ತಿತ್ತು. ಮುಂಜಾನೆ ಕೇಳಿದ್ರ ಏನಿಲ್ಲ ಅಂತಿದ್ರು. ಹೊಲದಾಗ ಕಲ್ಲ ಹತ್ತಿತು ಅಂತಿದ್ರು. ನಾ ಅರಿಶಿಣ ಹಚ್ಚತಿದ್ದೆ."

ಕೊನೆಯ ಎರಡು ಮಾತುಗಳನ್ನು ನಾನು ಅನುವಾದಿಸುವ ಮೊದಲೇ ಜನರಲ್, ಸಾಕು ತಾಯಿ, ಎಂದರು. ಅವರು ಅಂದು ನಿಮಗೆ ಮಣ್ಣು ಬೇಡವೆಂದದ್ದು ಯಾಕೆಂದು ನನಗೆ ಆಗ ತಿಳಿಯಿತು.

ಆದೇಶ ಹೋದ ತಿಂಗಳು ಬಂತು. ವಜಾ ರದ್ದು. ಅನಾರೋಗ್ಯದ ಕಾರಣ ಸೇವೆಯಿಂದ ಬಿಡುಗಡೆ ಹೊಂದಿದ ಸೈನಿಕ ಎಂದು ನಿಮ್ಮನ್ನು ಪರಿಗಣಿಸತಕ್ಕದ್ದು. ಹೆಂಡತಿಗೆ ಕುಟುಂಬ ಪಿಂಚಣಿ. ನಾನು ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ಇನ್ನೊಮ್ಮೆ ಓದಿರಿ ಎಂದರು, ಓದಿದೆ. ಹಳೆಯ ಶಬ್ದವನ್ನು ಅಳಿಸುತ್ತಾರೆಯೇ ಎಂದು ಕೇಳಿದರು. ಅಳಿಸುವುದಿಲ್ಲ, ಅದರ ಮುಂದೆ ಇದನ್ನೂ ಬರೆಯುತ್ತಾರೆ, ಇನ್ನು ಮುಂದೆ ಇದೇ ನಡೆಯುತ್ತದೆ ಎಂದೆ. ತಲೆಯಾಡಿಸಿದರು.

ನಾನು ಗೆದ್ದೆ. ನೀವು ಬೇಡವೆಂದ ರೀತಿಯಲ್ಲಿ ಗೆದ್ದೆ. ಹಿಮ್ಮಡಿ ಜೋಡಿಸಿ ನಿಂತವನು ನಿಜವೋ, ಕೌದಿ ಕೆರೆಯುತ್ತಿದ್ದವನು ನಿಜವೋ ಎಂದು ಯಾರಾದರೂ ಕೇಳಿದರೆ ಇಬ್ಬರೂ ಎನ್ನುತ್ತೇನೆ. ಕಾಗದ ಒಬ್ಬನನ್ನು ಮಾತ್ರ ಇಟ್ಟುಕೊಂಡಿದೆ.

ಮೊನ್ನೆ ಈ ಪತ್ರ ಬರೆಯಲು ಹೇಳಿ ಎದ್ದವರು ಬಾಗಿಲಲ್ಲಿ ನಿಂತರು. ಊರಿನಲ್ಲಿ ಈಗ ಹೇಗಿದೆ ಎಂದು ಕೇಳಿದೆ. "ಭಗೋಡಾ ಅನ್ನೂದು ಹೋತ್ರಿ. ಈಗ ಪಾಪ, ಅಂವನ ತಲಿ ಕೆಟ್ಟಿತ್ತಂತ ಅಂತಾರ. ಮೊದಲಿನ ಮಾತ ಸರ್ಕಾರ ಅಂದಿದ್ದು, ಊರು ಅಂದಿದ್ದು. ಅದಕ್ಕ ನಾ ಎಲ್ಲಾರ ಜೋಡಿ ಜಗಳ ಆಡ್ತಿದ್ದೆ." ಚಪ್ಪಲಿಯಲ್ಲಿ ಕಾಲಿಟ್ಟರು. "ಇದು ನಾ ಅಂದಿದ್ದು. ಇದಕ್ಕ ಯಾರ ಜೋಡಿ ಆಡ್ಲಿ?"

ಅವರನ್ನು ಬಸ್ಸಿನ ತನಕ ಕಳಿಸಿ ಬಂದೆ. ಆ ಪ್ರಶ್ನೆಗೆ ನೀವಾದರೂ ಏನಾದರೂ ಹೇಳುವಂತಿದ್ದರೆ ಚೆನ್ನಾಗಿತ್ತು. ಹೇಳಲಾರಿರಿ ಎಂಬುದೇ ಅವರ ಸಂಕಟ, ಆ ಸಂಕಟದ ಸಲುವಾಗಿಯೇ ಈ ಕಾಗದ. ಸಿಟ್ಟಿದ್ದರೆ ನನ್ನ ಮೇಲಿರಲಿ ನರಸಿಂಗಣ್ಣ. ಕೇಳಿದವನು ನಾನು, ಬರೆದವನು ನಾನು. ಅವರು ತಮ್ಮ ಕಣ್ಣೆದುರಿನದನ್ನು ಹೇಳಿದರು, ಅದೂ ನೀವು ಹೋದ ಮೇಲೆ.

ವಂದನೆಯ ಕೊನೆಗೆ ಮಹಾಮಾಯಾ ಎಲ್ಲರಿಗೂ ಮಂಗಳವಾಗಲೆಂದು ಹೇಳುತ್ತಾಳೆ. ನಾನು ಅಲ್ಲಿ ಇರುವುದಿಲ್ಲ. ಆ ಮಾತಿನಲ್ಲಿ ನನ್ನ ದನಿಯೂ ಇದೆ ಎಂದುಕೊಳ್ಳಿ. ನಿಮಗೆ ಶಾಂತಿ ಇರಲಿ, ಅವರಿಗೆ ನಿದ್ದೆ ಬರಲಿ.

ನಿಮ್ಮ ವಕೀಲ,
ಅವಿನಾಶ