ಸಪ್ಪೆ ಊಟದ ಹೊತ್ತಿನ ಕರೆ

ನನ್ನ ಎಕ್ಸ್‌ಚೇಂಜಮ್ಮನಿಗೆ,

ಈ ಪತ್ರವನ್ನು ನಿನ್ನ ಅಣ್ಣನ ಮಗಳು ನಿನ್ನ ಪಕ್ಕ ಕೂತು ಗಟ್ಟಿಯಾಗಿ ಓದುತ್ತಾಳೆ ಎನ್ನುವುದು ನನಗೆ ಗೊತ್ತು. ಪೆನ್ನು ಹಿಡಿದು ಇಷ್ಟು ಹೊತ್ತು ಸುಮ್ಮನೆ ಕೂತದ್ದು ಅದಕ್ಕೇ. ನಮ್ಮಿಬ್ಬರ ಮಾತಿನ ನಡುವೆ ಮೂರನೆಯವರು ಬಂದದ್ದೇ ಇಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರಿನವರೆಲ್ಲರ ಮಾತಿನ ನಡುವೆ ಕೂತು ಸಂಬಳ ಎಣಿಸಿದವಳು ನೀನು. ಈಗ ನನ್ನ ಮಾತೇ ಇನ್ನೊಬ್ಬಳ ಗಂಟಲಿನಿಂದ ನಿನ್ನನ್ನು ತಲುಪಬೇಕಾಗಿದೆ. ಇರಲಿ. ಮಗೂ, ಓದುವಾಗ ನನ್ನ ಬೈಗುಳಗಳನ್ನು ನುಂಗಬೇಡ. ನಿನ್ನ ಮೇಲೆ ಬರೆದದ್ದನ್ನೂ ನುಂಗಬೇಡ. ನಾನು ಕೆಲಸದ ಕಾಲವನ್ನೆಲ್ಲ ಪತ್ರಿಕೆಯ ಕಚೇರಿಯಲ್ಲಿ ಕರಡು ತಿದ್ದುತ್ತ ಕಳೆದವಳು. ನೀನು ಒಂದು ಸಾಲು ಹಾರಿಸಿದರೆ ನನಗೆ ಇಲ್ಲಿಂದಲೇ ತಿಳಿಯುತ್ತದೆ.

ಎಕ್ಸ್‌ಚೇಂಜಮ್ಮ, ಮೊನ್ನೆ ಈ ಹುಡುಗಿ ನನಗೆ ಫೋನ್ ಮಾಡಿದ್ದಳು. "ಆಂಟಿ, ಅತ್ತೆ ಬೆಳಿಗ್ಗೆ ತಿಂಡಿ ತಿಂತಾರೆ, ಮಧ್ಯಾಹ್ನ ಹೇಗೋ ಒಂದಿಷ್ಟು ಊಟ ಮಾಡ್ತಾರೆ. ರಾತ್ರಿ ಮಾತ್ರ ತಟ್ಟೆ ತಂದ್ರೆ ಸಾಕು, ಗೋಡೆ ಕಡೆ ತಿರುಗಿಬಿಡ್ತಾರೆ. ಉಪ್ಪಿಲ್ಲ ಅಂತಾನೇ ಇರ್ಬೇಕು. ಪಾಪ ಅನ್ನಿಸಿ ನಿನ್ನೆ ಪ್ಯಾಕೆಟ್ ಸೂಪು ಮಾಡ್ಕೊಟ್ಟೆ. ಅದೂ ಬೇಡ. ತೂಕ ಇಳೀತಾ ಇದೆ, ಹೀಗೇ ಆದ್ರೆ ಮೂಗಿಗೆ ನಳಿಗೆ ಹಾಕ್ಬೇಕಾಗತ್ತೆ ಅಂತ ಡಾಕ್ಟ್ರು ಹೆದರಿಸ್ತಿದ್ದಾರೆ. ನೀವಿಬ್ರೂ ದಿನಾ ರಾತ್ರಿ ಅಡುಗೆ ಮಾತೇ ಆಡ್ತಿದ್ರಲ್ಲ, ಏನು ಮಾಡ್ಲಿ ಹೇಳಿ" ಅಂದಳು. ಪ್ಯಾಕೆಟ್ ಸೂಪು ಎಂದ ಕೂಡಲೇ ನನ್ನ ತಲೆ ಕಾದಿತು. ಆದರೆ ಹುಡುಗಿಯ ದನಿ ನಡುಗುತ್ತಿತ್ತು. ಬೈಗುಳವನ್ನು ಬಾಯಲ್ಲೇ ಇಟ್ಟುಕೊಂಡು, ಆ ಪ್ಯಾಕೆಟ್ಟಿನ ಹಿಂಭಾಗ ಓದು ಅಂದೆ. "ಅಕ್ಷರ ಕಾಣ್ತಾನೇ ಇಲ್ಲ ಆಂಟಿ" ಅಂದಳು.

ಕಾಣಬಾರದು ಎಂದೇ ಅಚ್ಚು ಹಾಕಿರುವುದು, ಮಗೂ. ಮುಂಭಾಗದಲ್ಲಿ ಹೆಬ್ಬೆರಳಿನಷ್ಟು ದಪ್ಪ ಅಕ್ಷರದಲ್ಲಿ 'ಮನೆಯ ರುಚಿ'. ಹಿಂಭಾಗದಲ್ಲಿ, ಅಂಟು ಹಾಕಿದ ಮಡಿಕೆಯ ಅಡಿಯಲ್ಲಿ, ಉಪ್ಪು ತಲೆಮರೆಸಿಕೊಂಡು ಬೇರೆ ಹೆಸರಿನಲ್ಲಿ ಕೂತಿರುತ್ತದೆ. ಬಟ್ಟಲಿಗೆ ಇಷ್ಟು ಎಂದು ಬರೆದಿರುತ್ತಾರೆ, ಬಟ್ಟಲೆಂದರೆ ಎಷ್ಟು ಎಂದು ಬರೆಯುವುದಿಲ್ಲ. ಗುಬ್ಬಚ್ಚಿ ಕುಡಿಯುವ ಬಟ್ಟಲೋ ಏನೋ! ಎಕ್ಸ್‌ಚೇಂಜಮ್ಮ, ನಾನು ಇದನ್ನೇ ಕೇಳಿ ಒಂದು ಸೂಪು ಕಂಪನಿಗೆ ಪತ್ರ ಬರೆದದ್ದು ನಿನಗೆ ನೆನಪಿದೆಯಲ್ಲ? ನನ್ನ ಅಮೂಲ್ಯ ಸಲಹೆಗೆ ಧನ್ಯವಾದ ಹೇಳಿ, ಅದೇ ಸೂಪಿನ ಪ್ಯಾಕೆಟ್ಟೊಂದನ್ನು ಉಡುಗೊರೆಯಾಗಿ ಕಳಿಸಿದ್ದರು. ನಾನು ಕೆಂಡವಾಗಿದ್ದರೆ ನೀನು ಫೋನಿನಲ್ಲಿ ಕೆಮ್ಮು ಬರುವಷ್ಟು ನಕ್ಕೆ. "ಫ್ರೇಮ್ ಹಾಕ್ಸಿ ಗೋಡೆಗೆ ತಗುಲಿಸು ಕಣೇ. ನಿನ್ನ ಜೀವಮಾನದಲ್ಲಿ ಒಬ್ಬರಾದ್ರೂ ಉತ್ತರ ಕೊಟ್ರಲ್ಲ" ಅಂದೆ.

ನಮ್ಮ ಪರಿಚಯವೇ ಒಂದು ಜಗಳದಿಂದ ಆದದ್ದು. ಇದು ನಿನ್ನ ಸೋದರಸೊಸೆಗೆ ಗೊತ್ತಿಲ್ಲ, ಕೇಳಲಿ. ದೂರದ ಊರಿನಲ್ಲಿದ್ದ ಅಮ್ಮನಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಅಂಚೆ ಕಚೇರಿಯ ಬೆಂಚಿನ ಮೇಲೆ ಕಾದಿದ್ದೆ. ಲೈನು ಸಿಕ್ಕಿತು, ಅಮ್ಮ "ಯಾರು?" ಅಂದಳು, ಲೈನು ಸತ್ತುಹೋಯಿತು. ಎಕ್ಸ್‌ಚೇಂಜಿಗೆ ಫೋನ್ ಮಾಡಿ, ಸಾರ್ವಜನಿಕರ ಹಣ, ಸಾರ್ವಜನಿಕರ ಸಮಯ, ಯಾರು ಹೊಣೆ ಎಂದು ಉದ್ದಕ್ಕೆ ಭಾಷಣ ಮಾಡಿದೆ. ಆ ಕಡೆಯಿಂದ ತಣ್ಣಗಿನ ದನಿಯೊಂದು "ಅಮ್ಮಾ, ಬೈಯೋದಾದ್ರೆ ಬೇಗ ಬೈದು ಮುಗಿಸಿ, ಇನ್ನೂ ಎಷ್ಟೋ ಜನ ಬೈಯೋಕೆ ಕಾಯ್ತಿದ್ದಾರೆ" ಅಂದಿತು. ನನಗೆ ನಗು ಬಂದುಬಿಟ್ಟಿತು. ಸಂಜೆ ಅಮ್ಮನ ಲೈನನ್ನು ನೀನೇ ಹುಡುಕಿ ಕೊಟ್ಟೆ, ಮುಗಿಯುವವರೆಗೂ ಕಡಿಯದ ಹಾಗೆ ಕಾದೆ. ಅಂದಿನಿಂದ ನಾನು ನಿನ್ನ 'ತಕರಾರು', ನೀನು ನನ್ನ 'ಎಕ್ಸ್‌ಚೇಂಜಮ್ಮ'. ಎದುರು ಬದುರಾಗಿ ಕಾಫಿ ಕುಡಿಯುವುದಕ್ಕೆ ಮುಂಚೆ ಎಷ್ಟು ಕಾಲ ಬರೀ ದನಿಗಳಾಗಿದ್ದೆವು!

ಆ ಎಕ್ಸ್‌ಚೇಂಜಿನ ಉದ್ದನೆಯ ಕೋಣೆ, ಸಾಲಾಗಿ ಕೂತ ಹೆಂಗಸರು, ಅವರ ಬೆನ್ನ ಹಿಂದೆ ಓಡಾಡುವ ಸೂಪರ್‌ವೈಸರ್. ಸ್ವಂತ ಮಾತು ಆಡುವ ಹಾಗಿಲ್ಲ. ಆ ಸೂಪರ್‌ವೈಸರ್ ಹೆಂಗಸಿನ ಚಪ್ಪಲಿಗೆ ಸದ್ದೇ ಇರಲಿಲ್ಲ ಎಂದು ನೀನು ಹೇಳುತ್ತಿದ್ದೆ. ನಾನು ಕಚೇರಿಯ ಫೋನಿನಿಂದ ನಿನಗೆ ಏನೋ ಹೇಳುತ್ತಿರುವಾಗ ಅವಳು ನಿನ್ನ ಹಿಂದೆ ಬಂದು ನಿಂತರೆ ನಿನ್ನ ದನಿ ಇದ್ದಕ್ಕಿದ್ದಂತೆ ನಿಂತುಹೋಗುತ್ತಿತ್ತು. ಬದಲಿಗೆ ಬಾಯಿ ಮುಂದಿನ ಮೈಕಿಗೆ ನೀನು ಪೆನ್ಸಿಲಿನಿಂದ ತಟ್ಟುವ ಸದ್ದು ಬರುತ್ತಿತ್ತು. ಒಂದು ಸಲ ತಟ್ಟಿದರೆ ಹೂಂ. ಎರಡು ಸಲ ತಟ್ಟಿದರೆ ಉಹೂಂ. ಪೆನ್ಸಿಲನ್ನು ಗರಗರ ಉಜ್ಜಿದರೆ ನಗುತ್ತಿದ್ದೀ ಎಂದರ್ಥ. ಹಾಗೆ ಎಷ್ಟು ಮಾತು ಮುಗಿಸಿದ್ದೇವೆ. ನನ್ನ ಅಮ್ಮ ಹೋದ ದಿನ ನಾನು ನಿನಗೆ ಫೋನ್ ಮಾಡಿದಾಗಲೂ ಆ ಹೆಂಗಸು ನಿನ್ನ ಹಿಂದೆಯೇ ನಿಂತಿದ್ದಳು. ನಾನು ಅಳುತ್ತಿದ್ದೆ, ನೀನು ತಟ್ಟುತ್ತಿದ್ದೆ. ಅಮ್ಮನ ಬಗ್ಗೆ ಬಂಧುಗಳೆಲ್ಲ ಬಾಯಿತುಂಬ ಆಡಿದ ಮಾತುಗಳಲ್ಲಿ ಒಂದೂ ನನ್ನ ನೆನಪಿನಲ್ಲಿಲ್ಲ. ಆ ಪೆನ್ಸಿಲಿನ ಸದ್ದು ಇದೆ.

ಆಮೇಲೆ ಎಕ್ಸ್‌ಚೇಂಜ್ ಮುಚ್ಚಿತು, ನನ್ನ ಕಚೇರಿಯಲ್ಲಿ ಕರಡು ತಿದ್ದುವವರು ಬೇಡವಾದರು. ಪತ್ರಿಕೆಯಲ್ಲಿ ಈಗ ತಪ್ಪುಗಳು ಹೇಗೆ ಮೆರೆಯುತ್ತಿವೆ ಎಂದು ಇಲ್ಲಿ ಶುರು ಮಾಡಿದರೆ ಕಾಗದ ಸಾಲದು. ಇಬ್ಬರಿಗೂ ಒಂದೇ ಕಾಲದಲ್ಲಿ ರಕ್ತದೊತ್ತಡ ಏರಿತು. ನಿನಗೆ ನಿನ್ನ ಊರಿನ ಡಾಕ್ಟರು, ನನಗೆ ನನ್ನ ಊರಿನ ಡಾಕ್ಟರು ಒಂದೇ ಮಾತು ಹೇಳಿದರು: ಉಪ್ಪು ಕಡಿಮೆ ಮಾಡಿ. ಕಡಿಮೆ ಮಾಡಿ ಏನು ತಿನ್ನಬೇಕು ಎಂದು ಇಬ್ಬರೂ ಹೇಳಲಿಲ್ಲ. ನನ್ನ ಆಸ್ಪತ್ರೆಯ ಕೆಳಗಿನ ಕ್ಯಾಂಟೀನಿನಲ್ಲಿ, ಬಾಗಿಲಿಗೆ ಅಡ್ಡವಾಗಿ, ಉಪ್ಪು ಸವರಿದ ಚಿಪ್ಸಿನ ಪ್ಯಾಕೆಟ್ಟುಗಳು ತೋರಣದ ಹಾಗೆ ನೇತಾಡುತ್ತಿದ್ದವು. ಅಂದು ರಾತ್ರಿ ನಾನು ಬೇಯಿಸಿದ ಹುರುಳಿಕಾಯಿಯ ಮುಂದೆ ಕೂತು ಅಳುವುದೊಂದು ಬಾಕಿ. ಫೋನ್ ಹೊಡೆಯಿತು. "ಇವತ್ತೇನು?" ಅಂದೆ ನೀನು. "ಹುಲ್ಲು" ಅಂದೆ ನಾನು. "ನಂದೂ ಅದೇ. ಹಿಡ್ಕೋ, ಒಟ್ಟಿಗೇ ತಿನ್ನೋಣ" ಅಂದೆ ನೀನು.

ಅಲ್ಲಿಂದ ಶುರುವಾಯಿತಲ್ಲ ನಮ್ಮ ರಾತ್ರಿಯ ಊಟ. ನಿನ್ನ ಮೇಜಿನ ಮೇಲೆ ನಿನ್ನ ತಟ್ಟೆ, ನನ್ನ ಮೇಜಿನ ಮೇಲೆ ನನ್ನ ತಟ್ಟೆ, ನಡುವೆ ಫೋನು. ನಿಂಬೆ ಹಿಂಡುವುದನ್ನು ನೀನು ಕಂಡುಹಿಡಿದೆ, ಅಣಬೆಯನ್ನು ಒಣ ಬಾಣಲೆಯಲ್ಲಿ ಕೆಂಪಗೆ ಹುರಿಯುವುದನ್ನು ನಾನು. ಒಂದು ಸಲ ನಾನು ಕದ್ದು ಚಿಪ್ಸ್ ಬಿಚ್ಚಿದರೆ ಅಷ್ಟು ದೂರದಿಂದ "ಯಾವ ಪ್ಯಾಕೆಟ್ಟೇ ಅದು?" ಅಂತ ನೀನು ಕೇಳಿದೆ. ಕರವಸ್ತ್ರ ಅಂದೆ ನಾನು. "ನಿಮ್ಮೂರಲ್ಲಿ ಕರವಸ್ತ್ರ ಕುರುಕುರು ಅನ್ನತ್ತಾ?" ಅಂದೆ ನೀನು. ನಿನ್ನ ಕಿವಿಗೆ ಮಣ್ಣೆರಚುವುದು ಯಾರಿಂದ ಸಾಧ್ಯವಿತ್ತು?

ಈಗ ಹೇಳುತ್ತೇನೆ ಕೇಳು. ನೀನೂ ಕೇಳು ಮಗೂ, ಇದು ನಿನಗೇ. ಇಷ್ಟು ವರ್ಷ ಉಪ್ಪಿಲ್ಲದೆ ಉಂಡವಳು ಇವಳು. ಇದ್ದಕ್ಕಿದ್ದಂತೆ ಈಗ, ರಾತ್ರಿ ಹೊತ್ತು ಮಾತ್ರ, ಉಪ್ಪಿಲ್ಲ ಎಂದು ಹಟ ಮಾಡುತ್ತಾಳೆಯೇ? ಮಧ್ಯಾಹ್ನದ ಊಟದಲ್ಲೂ ಉಪ್ಪಿಲ್ಲವಲ್ಲ. ಆ ತಟ್ಟೆಯಲ್ಲಿ ಇಲ್ಲದ್ದು ಉಪ್ಪಲ್ಲ. ಲಕ್ವ ಹೊಡೆದು ಆಸ್ಪತ್ರೆ ಸೇರಿದವಳು ಮನೆಗೆ ಬಂದ ದಿನ ನೀನು ಫೋನನ್ನು ಅವಳ ಕಿವಿಗೆ ಹಿಡಿದೆ, ನಾನು "ಇವತ್ತೇನು?" ಅಂದೆ, ಅವಳು ಅತ್ತಳು. "ಮಾತೇ ಬರಲ್ಲವಲ್ಲ ಆಂಟಿ, ಸುಮ್ನೆ ಸಂಕಟ ಪಡ್ತಾರೆ. ಸ್ವಲ್ಪ ದಿನ ಫೋನ್ ಬೇಡ" ಅಂದೆ ನೀನು. ಅವಳಿಗೆ ನೋವಾಗಬಾರದೆಂದೇ ಹೇಳಿದೆ, ಗೊತ್ತು. ಹಗಲೂ ರಾತ್ರಿ ಅವಳನ್ನು ಮಗ್ಗುಲು ತಿರುಗಿಸಿ, ಮೈ ಒರೆಸಿ ನೋಡಿಕೊಳ್ಳುತ್ತಿರುವುದು ನೀನು, ನಾನಲ್ಲ. ಆದರೆ ಈ ಲೋಕದ ಮೇಲೆ ನನಗೊಂದು ಸಿಟ್ಟಿದೆ. ಬಾಯಿ ನಿಂತವರ ಕಿವಿಯೂ ನಿಂತಿತು ಎಂದು ಎಲ್ಲರೂ ಸೇರಿ ತೀರ್ಮಾನ ಮಾಡಿಬಿಡುತ್ತಾರೆ. ಅವರ ಎದುರೇ ನಿಂತು ಅವರ ವಿಷಯ ಬೇರೆಯವರ ಹತ್ತಿರ ಆಡುತ್ತಾರೆ. ಅವಳಿಗೆ ಎಲ್ಲ ತಿಳಿಯುತ್ತದೆ ಎಂದು ಡಾಕ್ಟರೇ ಹೇಳಿಲ್ಲವೆ? ಮಾತೊಂದು ಬರುತ್ತಿಲ್ಲ, ಅಷ್ಟೆ. ಜೀವನವೆಲ್ಲ ಕಿವಿಯಿಂದಲೇ ಬದುಕಿದವಳು ಅವಳು. ಅವಳು ಗೋಡೆಯ ಕಡೆ ತಿರುಗುವುದು ತಟ್ಟೆ ಬೇಡ ಎಂದಲ್ಲ. ಆ ಹೊತ್ತಿಗೆ ಹೊಡೆಯಬೇಕಾದ ಫೋನು ಹೊಡೆಯುವುದಿಲ್ಲ.

ಇಲ್ಲಿಯ ಕಥೆಯೂ ಅದೇ, ಎಕ್ಸ್‌ಚೇಂಜಮ್ಮ. ನಾನು ಇಲ್ಲಿ ದಿಟ್ಟೆಯ ಹಾಗೆ ಬರೆಯುತ್ತಿದ್ದೇನೆ. ಕತ್ತಲಾಗುತ್ತಿದ್ದಂತೆ ಎದುರು ಕಟ್ಟಡದ ಅಡುಗೆಮನೆಗಳಲ್ಲಿ ಒಂದೊಂದೇ ದೀಪ ಹತ್ತಿಕೊಳ್ಳುತ್ತದೆ. ಯಾರದೋ ಮನೆಯಲ್ಲಿ ಒಗ್ಗರಣೆ ಸಿಡಿಯುತ್ತದೆ, ಯಾರೋ ಮಗುವನ್ನು ಊಟಕ್ಕೆ ಕೂಗುತ್ತಾರೆ. ನಾನು ಅರ್ಧ ಎಲೆಕೋಸನ್ನು ಮುಂದಿಟ್ಟುಕೊಂಡು ಕೂರುತ್ತೇನೆ. ಒಬ್ಬಳಿಗೆ ಎಲೆಕೋಸು ಮುಗಿಯುವುದೇ ಇಲ್ಲ, ನೋಡಿದ್ದೀಯಾ? ಕತ್ತರಿಸಿದಷ್ಟೂ ಇರುತ್ತದೆ. ಹೆಚ್ಚಿದ್ದು ಸಾಕು ಎನ್ನುವವರಿಲ್ಲ. ಮೊನ್ನೆ ಟೊಮೆಟೊ ಬೇಯಿಸುವಾಗ ಹುಳಿ ಹೆಚ್ಚಾಯಿತೇ ಎಂದು ಗಟ್ಟಿಯಾಗಿಯೇ ಕೇಳಿದೆ. ಯಾರನ್ನು ಕೇಳಿದೆನೋ. ಒಲೆ ಆರಿಸಿ, ನಿಂತುಕೊಂಡೇ, ಬಾಣಲೆಯಿಂದಲೇ ತಿಂದು ತೊಳೆದಿಟ್ಟೆ. ಗೂಡಿನಿಂದ ತಟ್ಟೆ ಕೆಳಗಿಳಿಸಿ ಎಷ್ಟು ದಿನವಾಯಿತೋ. ನಿನ್ನ ಹತ್ತಿರ ಹಾರಿ ಬರೋಣವೆಂದರೆ ಮಂಡಿಗೆ ಪಟ್ಟಿ ಕಟ್ಟಿದ್ದಾರೆ, ಮೆಟ್ಟಿಲು ಇಳಿಯಬಾರದಂತೆ. ಇಳಿಯುವ ದಿನ ಬಂದರೆ ಮೊದಲ ರೈಲಿಗೇ ಬರುತ್ತೇನೆ. ಅಲ್ಲಿಯವರೆಗೆ ನಮಗಿರುವುದು ಆ ತಂತಿಯೊಂದೇ. ಈಗ ತಂತಿಯೂ ಇಲ್ಲವಂತೆ, ಗಾಳಿಯಲ್ಲೇ ಹೋಗುತ್ತದಂತೆ.

ಮಗೂ, ನೀನು ಕೇಳಿದ್ದು ಅಡುಗೆ. ಅದನ್ನೂ ಹೇಳುತ್ತೇನೆ. ಸೂಪು ಬೇಕೆಂದರೆ ನೀನೇ ಮಾಡು. ಸಿಹಿಗುಂಬಳವನ್ನು ಬೆಳ್ಳುಳ್ಳಿಯ ಜೊತೆ ಕೆಂಡದ ಮೇಲೋ ಓವನ್ನಿನಲ್ಲೋ ಅಂಚು ಕಪ್ಪಾಗುವವರೆಗೆ ಸುಟ್ಟು ಅರೆದು, ನೀರು ಬೆರೆಸಿ ಕುದಿಸಿ, ಇಳಿಸಿದ ಮೇಲೆ ನಿಂಬೆ ಹಿಂಡು. ಪಾತ್ರೆ ಒಲೆಯ ಮೇಲಿರುವಾಗ ನಿಂಬೆ ಬೀಳಬಾರದು. ಬಿದ್ದರೆ ಅದರ ಚುರುಕು ಹೋಗುತ್ತದೆ. ಗಂಟಲಿಗೆ ಸುಲಭವಾಗಲಿ ಎಂದು ಡಾಕ್ಟರು ಹೇಳಿದಷ್ಟು ಗಟ್ಟಿಯಾಗಿ ಇಡು. ಇನ್ನೊಂದು ದಿನ ಈರುಳ್ಳಿಯನ್ನು ಸಣ್ಣ ಉರಿಯಲ್ಲಿ, ಅವಸರ ಮಾಡದೆ, ಜೇನಿನ ಬಣ್ಣ ಬರುವ ತನಕ ಬಾಡಿಸಿ ಬೇಳೆಗೆ ಕಲಸು. ಬೇಸರ ಬಂದ ದಿನ ಮೆತ್ತಗೆ ಬೇಯಿಸಿದ ಆಲೂಗಡ್ಡೆಯನ್ನು ಹಿಸುಕಿ, ಮನೆಯಲ್ಲಿ ಹೆಪ್ಪು ಹಾಕಿದ ಮೊಸರು, ನುಣ್ಣಗೆ ಪುಡಿ ಮಾಡಿದ ಹುರಿದ ಎಳ್ಳು, ಕಾಳುಮೆಣಸು. ಡಾಕ್ಟರು ಒಪ್ಪಿದ ಆ ಚಿಟಿಕೆ ಉಪ್ಪನ್ನು ಬೇಯುವಾಗ ಹಾಕಿ ಕಳೆಯಬೇಡ. ಬಡಿಸಿದ ಮೇಲೆ, ಮೊದಲ ತುತ್ತಿನ ಮೇಲೆ ಉದುರಿಸು. ನಾಲಿಗೆಗೆ ಮೊದಲು ಅದೇ ಸಿಕ್ಕಬೇಕು. ಇದು ನನ್ನದಲ್ಲ, ನಿನ್ನ ಅತ್ತೆಯೇ ಕಂಡುಕೊಂಡದ್ದು. ಅಂಗಡಿಯ ಬ್ರೆಡ್ಡಿನಲ್ಲೂ ಉಪ್ಪು ಅಡಗಿರುತ್ತದೆ, ಮರೆಯಬೇಡ. ಆ ಸೂಪಿನ ಪ್ಯಾಕೆಟ್ಟುಗಳನ್ನು ಮನೆಯಿಂದಾಚೆ ಹಾಕು. ಫ್ರೇಮ್ ಹಾಕಿಸುವುದಾದರೆ ಹಾಕಿಸು.

ಆದರೆ ಬಡಿಸುವುದಕ್ಕೆ ಮುಂಚೆ ನನ್ನ ಒಂದು ಮಾತು ನಡೆಸಿಕೊಡು. ಈ ಪತ್ರ ಓದಿದ ದಿನವೇ, ದೀಪ ಹಚ್ಚುವ ಹೊತ್ತಿಗೆ, ಅವಳ ಮುಂದೆ ತಟ್ಟೆಯಿಟ್ಟು ನನಗೆ ಕರೆ ಮಾಡು. ಫೋನನ್ನು ಕಿವಿಗೆ ಹಿಡಿಯಬೇಡ, ತಟ್ಟೆಯ ಪಕ್ಕದಲ್ಲಿ ಮಲಗಿಸು. ಅವಳ ಎಡಗೈಗೆ ಒಂದು ಚಮಚ ಕೊಡು. ಸ್ಟೀಲಿನದಾಗಲಿ, ಪ್ಲಾಸ್ಟಿಕ್ಕಿನದು ಕೇಳಿಸುವುದಿಲ್ಲ. ಆಮೇಲೆ ನೀನು ಪಕ್ಕದ ಕೋಣೆಗೆ ಹೋಗು. ಅತ್ತರೆ ಅಳಲಿ, ಓಡಿ ಬರಬೇಡ. ನಾನಿರುತ್ತೇನೆ. ಮೊದಲ ದಿನವೇ ಅವಳು ಉಣ್ಣುತ್ತಾಳೆ ಎಂದು ನಾನು ಮಾತು ಕೊಡಲಾರೆ. ಆದರೆ ಅವಳನ್ನು ಗೋಡೆಯ ಜೊತೆ ಒಂಟಿಯಾಗಿ ಬಿಡಲಾರೆ.

ಎಕ್ಸ್‌ಚೇಂಜಮ್ಮ, ಇನ್ನುಳಿದದ್ದು ನಿನಗೆ ಮಾತ್ರ. ಹುಡುಗಿ ಓದುತ್ತಾಳೆ, ಓದಲಿ. ಅವಳಿಗೆ ಅರ್ಥವಾದರೆ ಇನ್ನೂ ಒಳ್ಳೆಯದು. ನಾನು "ಇವತ್ತೇನು?" ಎಂದು ಕೇಳುವುದಿಲ್ಲ. ನನ್ನ ತಟ್ಟೆಯಲ್ಲಿ ಏನಿದೆ ಎಂದು ನಾನೇ ಹೇಳುತ್ತೇನೆ. ಸುಳ್ಳು ಹೇಳಿದರೆ ನೀನು ಹಿಡಿಯುತ್ತೀ. ನಿನ್ನದರಲ್ಲಿ ಹುಳಿ ಸಾಕೇ ಎಂದು ಕೇಳುತ್ತೇನೆ. ಒಂದು ಸಲ ತಟ್ಟಿದರೆ ಹೂಂ, ಎರಡು ಸಲ ತಟ್ಟಿದರೆ ಉಹೂಂ. ನಾನು ಯಾವುದಾದರೂ ಕಂಪನಿಗೆ ಬೈಯಲು ಶುರು ಮಾಡಿದರೆ ಚಮಚವನ್ನು ತಟ್ಟೆಯ ಅಂಚಿಗೆ ಗರಗರ ಉಜ್ಜು. ಇದು ನಮಗೆ ಹೊಸದಲ್ಲ ಕಣೇ. ನಿನ್ನ ಮಾತು ಹೋಗಿಲ್ಲ. ಆ ಸದ್ದಿಲ್ಲದ ಚಪ್ಪಲಿಯ ಹೆಂಗಸು ನಿನ್ನ ಬೆನ್ನ ಹಿಂದೆ ಬಂದು ನಿಂತಿದ್ದಾಳೆ, ಅಷ್ಟೆ. ಈ ಸಲ ಸ್ವಲ್ಪ ಹೆಚ್ಚು ಹೊತ್ತು ನಿಂತಿದ್ದಾಳೆ.

ಇವತ್ತು ತಟ್ಟೆಯನ್ನು ಕೆಳಗಿಳಿಸಿ ಒರೆಸಿ ಮೇಜಿನ ಮೇಲಿಟ್ಟಿದ್ದೇನೆ. ನಿನ್ನ ಊಟ ಬಿಸಿಯಾಗಿರಲಿ, ನಿನ್ನ ಕಿವಿ ಎಂದಿನಂತೆ ಚುರುಕಾಗಿರಲಿ, ನಿನ್ನನ್ನು ನೋಡಿಕೊಳ್ಳುವ ಆ ಮಗು ನೂರು ಕಾಲ ಚೆನ್ನಾಗಿರಲಿ. ಲೈನು ಹಿಡಿದುಕೊಂಡೇ ಇರುತ್ತೇನೆ.

ನಿನ್ನ,
ತಕರಾರು